ವಿಸ್ತರಿತ ವಾರಂಟಿ: ಟಿವಿಗೆ ಒಂದು, ಲ್ಯಾಪ್‌ಟಾಪಿಗೆ ಒಂದು ಕೊಂಡು ಕೊನೆಯವರೆಗೆ ಬಳಸಿದ ಮೇಲೆ

ದುಬಾರಿ ಎಲೆಕ್ಟ್ರಾನಿಕ್ ವಸ್ತುವಿಗೆ ವಿಸ್ತರಿತ ವಾರಂಟಿ, ಅಂದರೆ ತಯಾರಕರ ವಾರಂಟಿ ಮುಗಿದ ಮೇಲೂ ದುರಸ್ತಿ ಸಿಗಲೆಂದು ಬೇರೆ ಹಣ ಕೊಟ್ಟು ಕೊಳ್ಳುವ ಯೋಜನೆ, ತೆಗೆದುಕೊಳ್ಳಬೇಕೇ ಬೇಡವೇ ಎಂದು ಯಾರಾದರೂ ಕೇಳಿದರೆ ನಾನೀಗ ಒಂದೇ ಮರುಪ್ರಶ್ನೆ ಹಾಕುತ್ತೇನೆ. ಅವಧಿಯ ಕೊನೆಯ ವರ್ಷದಲ್ಲಿ ವಸ್ತು ಪೂರ್ತಿ ಕೆಟ್ಟರೆ ಅವರು ನಿಮ್ಮ ಕೈಗೆ ಏನು ಕೊಡುತ್ತಾರೆ? ಮಾರುವವರು ಇದಕ್ಕೆ ನೇರ ಉತ್ತರ ಕೊಡದಿದ್ದರೆ, ಷರತ್ತುಗಳ ಕಾಗದದಲ್ಲೂ ಅದು ಸಿಗದಿದ್ದರೆ, ಹಣ ಕೊಡಬೇಡಿ.

ನನ್ನ ಹತ್ತಿರ ಇದ್ದದ್ದು ಎರಡು ಯೋಜನೆ. ದೊಡ್ಡ ಟಿವಿಗೆ ಮಾರಾಟಗಾರರ ಮೂಲಕ ಬೇರೊಂದು ಕಂಪನಿಯಿಂದ ಕೊಂಡದ್ದು ಒಂದು. ಕೆಲಸದ ಲ್ಯಾಪ್‌ಟಾಪಿಗೆ ಅದನ್ನು ತಯಾರಿಸಿದ ಕಂಪನಿಯಿಂದಲೇ ಕೊಂಡದ್ದು ಇನ್ನೊಂದು. ಎರಡರಲ್ಲೂ ಕ್ಲೇಮ್ ಮಾಡುವ ಪ್ರಸಂಗ ಬಂತು. ಒಂದು ಹೊಟ್ಟೆ ಉರಿಸಿತು, ಇನ್ನೊಂದು ಕೊಟ್ಟ ಹಣಕ್ಕೆ ಮೋಸವಿಲ್ಲದೆ ನಡೆದುಕೊಂಡಿತು. ಟಿವಿಯ ಪರದೆ ಎಷ್ಟು ಇಂಚು, ಲ್ಯಾಪ್‌ಟಾಪಿನ ಪ್ರೊಸೆಸರ್ ಯಾವುದು ಎಂಬ ವಿವರ ಇಲ್ಲಿ ಬೇಕಾಗಿಲ್ಲ.

ಮೊದಲು ಬಿಲ್ಲಿನ ವಿಚಾರ. ಯಾವ ಕ್ಲೇಮ್ ಆದರೂ ಅದು ಶುರುವಾಗುವುದು ಬಿಲ್ಲಿನಿಂದ. ಇಂದು ಬಹಳಷ್ಟು ಬಿಲ್ಲುಗಳು ಥರ್ಮಲ್ ಕಾಗದದಲ್ಲಿ ಬರುತ್ತವೆ. ಅದರಲ್ಲಿ ಶಾಯಿ ಇರುವುದಿಲ್ಲ. ಕಾಗದಕ್ಕೆ ಬಳಿದ ರಾಸಾಯನಿಕ ಬಿಸಿ ತಗುಲಿದಲ್ಲಿ ಕಪ್ಪಾಗುತ್ತದೆ, ಅಷ್ಟೇ. ಬೆಳಕು, ಶಾಖ ಎರಡೂ ಆ ಅಕ್ಷರಗಳಿಗೆ ಶತ್ರು. ಜೋಪಾನವಾಗಿರಲಿ ಎಂದು ಪ್ಲಾಸ್ಟಿಕ್ ಲಕೋಟೆಯಲ್ಲಿ ಇಟ್ಟರೆ, ಆ ಪಿವಿಸಿ ಪ್ಲಾಸ್ಟಿಕ್ಕನ್ನು ಮೃದುವಾಗಿಡಲು ಸೇರಿಸಿರುವ ರಾಸಾಯನಿಕವೇ ಅಕ್ಷರಗಳನ್ನು ಇನ್ನೂ ಬೇಗ ಅಳಿಸುತ್ತದೆ. ಎರಡು ವರ್ಷ ಕಳೆದು ತೆಗೆದು ನೋಡಿದರೆ ಕೈಯಲ್ಲಿ ಬರಿಯ ಬಿಳಿ ಹಾಳೆ. ಹಾಗಾಗಿ ವಸ್ತು ಮನೆಗೆ ಬಂದ ದಿನವೇ ನಾನು ಬಿಲ್ಲನ್ನು ಕಿಟಕಿಯ ಪಕ್ಕ ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ, ನೆರಳು ಬೀಳದಂತೆ ನೇರ ಮೇಲಿನಿಂದ ಚಿತ್ರ ತೆಗೆಯುತ್ತೇನೆ. ವಸ್ತುವಿನ ಹಿಂಬದಿಯ ಕ್ರಮಸಂಖ್ಯೆಯ ಚೀಟಿಯದ್ದೂ ಒಂದು ಚಿತ್ರ. ಟಿವಿಯನ್ನು ಗೋಡೆಗೆ ಕೂರಿಸುವ ಮೊದಲೇ ಇದನ್ನು ಮುಗಿಸಬೇಕು, ಆಮೇಲೆ ಆ ಚೀಟಿ ಕಣ್ಣಿಗೂ ಸಿಗುವುದಿಲ್ಲ, ಕೈಗೂ ಸಿಗುವುದಿಲ್ಲ. ಎರಡು ಚಿತ್ರಗಳನ್ನೂ ನನಗೆ ನಾನೇ ಇಮೇಲ್ ಮಾಡಿಕೊಳ್ಳುತ್ತೇನೆ. ಈ ಅಭ್ಯಾಸ ನನಗೆ ತುಂಬ ಇಷ್ಟ.

ಇನ್ನು ಟಿವಿ. ಅದನ್ನು ನಾನು ನೋಡಿಕೊಂಡ ರೀತಿಗೆ ಯಾರೂ ಬೊಟ್ಟು ಮಾಡುವಂತಿರಲಿಲ್ಲ. ರಾತ್ರಿ ಮಲಗುವ ಮುನ್ನ ಗೋಡೆಯ ಸ್ವಿಚ್ ಆರಿಸುವುದು, ಬಿಸಿಗಾಳಿ ಹೊರಹೋಗಲೆಂದು ಹಿಂದೆ ಜಾಗ ಬಿಟ್ಟಿರುವುದು, ವಾರಕ್ಕೊಮ್ಮೆ ಒಣ ಮೈಕ್ರೋಫೈಬರ್ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಹಗುರವಾಗಿ ಒರೆಸುವುದು. ಪರದೆಯ ಮೇಲೆ ಯಾವ ದ್ರವವನ್ನೂ ನೇರವಾಗಿ ಸಿಂಪಡಿಸಿದವನಲ್ಲ, ಏಕೆಂದರೆ ಅದು ಕೆಳಅಂಚಿಗೆ ಇಳಿದು ಒಳಗಿನ ಜೋಡಣೆಗಳನ್ನು ಸೇರುತ್ತದೆ. ಇಷ್ಟೆಲ್ಲ ಮಾಡಿದರೂ ನಾಲ್ಕನೆಯ ವರ್ಷ ಪರದೆಯ ಎಡಭಾಗದಲ್ಲಿ ಕೂದಲೆಳೆಯಷ್ಟು ತೆಳುವಾದ ಹಸಿರು ಗೆರೆಯೊಂದು ಮೇಲಿನಿಂದ ಕೆಳಗಿನವರೆಗೆ ಮೂಡಿತು. ಮೊದಮೊದಲು ಟಿವಿ ಬಿಸಿಯಾದ ಮೇಲೆ ಮಾಯವಾಗುತ್ತಿತ್ತು. ಆಮೇಲೆ ಅಲ್ಲೇ ನಿಂತಿತು. ಕೆಲವೇ ವಾರಗಳಲ್ಲಿ ಅದರ ಪಕ್ಕಕ್ಕೆ ಇನ್ನಷ್ಟು ಗೆರೆಗಳು ಸೇರಿಕೊಂಡವು.

ಇಂಥ ಗೆರೆಗಳಿಗೆ ಸಾಮಾನ್ಯ ಕಾರಣ ಪ್ಯಾನೆಲ್ಲಿನ, ಅಂದರೆ ಚಿತ್ರ ಮೂಡಿಸುವ ಗಾಜಿನ ಪರದೆಯ, ಅಂಚಿನಲ್ಲಿರುತ್ತದೆ. ಗಾಜಿನೊಳಗಿನ ಸಾವಿರಾರು ಸೂಕ್ಷ್ಮ ತಂತುಗಳಿಗೆ ಸಂಕೇತ ಕಳಿಸುವ ಚಿಪ್‌ಗಳನ್ನು ತೆಳುವಾದ ಬಾಗುವ ಪಟ್ಟಿಗಳ ಮೇಲೆ ಕೂರಿಸಿ, ಆ ಪಟ್ಟಿಗಳನ್ನು ಗಾಜಿನ ಅಂಚಿಗೆ ಶಾಖ ಮತ್ತು ಒತ್ತಡ ಕೊಟ್ಟು ಅಂಟಿಸಿರುತ್ತಾರೆ. ದಿನವೂ ಬಿಸಿಯಾಗಿ ತಣ್ಣಗಾಗಿ ಆ ಅಂಟು ಎಲ್ಲಾದರೂ ಬಿಟ್ಟುಕೊಂಡರೆ ಗೆರೆ ಬೀಳುತ್ತದೆ. ಇದು ಬೆಸುಗೆ ಹಾಕಿ ಸರಿಮಾಡುವ ಕೆಲಸವಲ್ಲ. ಸಾಮಾನ್ಯ ಸರ್ವಿಸ್ ಸೆಂಟರಿನವರು ಪ್ಯಾನೆಲ್ಲನ್ನೇ ಬದಲಿಸಬೇಕು ಎನ್ನುತ್ತಾರೆ, ಮತ್ತು ಟಿವಿಯಲ್ಲಿ ಅತಿ ದುಬಾರಿ ಭಾಗವೆಂದರೆ ಪ್ಯಾನೆಲ್ಲೇ. ವಾರಂಟಿ ಕೊಂಡದ್ದೇ ಇಂಥ ಗಳಿಗೆಗೆ ಎಂದುಕೊಂಡು ಧೈರ್ಯದಿಂದಲೇ ಕರೆ ಮಾಡಿದೆ.

ತಂತ್ರಜ್ಞ ಬಂದರು, ನೋಡಿದರು, ಜಾಬ್ ಶೀಟಿನಲ್ಲಿ ಪ್ಯಾನೆಲ್ ದೋಷ ಎಂದು ಬರೆದುಕೊಟ್ಟರು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಆಮೇಲೆ ಮೌನ. ನಾನಾಗಿ ವಿಚಾರಿಸಿದಾಗ ಆ ಮಾದರಿಯ ಪ್ಯಾನೆಲ್ ಈಗ ಬರುತ್ತಿಲ್ಲ, ಹಾಗಾಗಿ ದುರಸ್ತಿ ಸಾಧ್ಯವಿಲ್ಲ, ಯೋಜನೆಯ ಪ್ರಕಾರ ಹಣದ ರೂಪದಲ್ಲಿ ಇತ್ಯರ್ಥ ಮಾಡುತ್ತೇವೆ ಎಂದರು. ಆ ಹಣವನ್ನು ಲೆಕ್ಕ ಹಾಕುವ ಕ್ರಮ ತಿಳಿದಾಗ ಮೈ ಉರಿದುಹೋಯಿತು. ಖರೀದಿ ಬೆಲೆಯಲ್ಲಿ ಪ್ರತಿ ವರ್ಷಕ್ಕೆ ಇಷ್ಟು ಭಾಗ ಎಂದು ಸವಕಳಿ ಕಳೆಯುತ್ತಾರೆ. ನಾಲ್ಕನೆಯ ವರ್ಷಕ್ಕೆ ಬರುವಷ್ಟರಲ್ಲಿ ಉಳಿಯುವುದು ಅರ್ಧಕ್ಕಿಂತ ಕಡಿಮೆ. ಅದನ್ನು ಪಡೆದ ಕೂಡಲೇ ಯೋಜನೆಯೂ ಮುಗಿಯುತ್ತದೆ, ಹಳೆಯ ಟಿವಿಯನ್ನೂ ಅವರಿಗೇ ಒಪ್ಪಿಸಬೇಕು.

ಕಂತು ಕಟ್ಟಿಸಿಕೊಳ್ಳುವಾಗ ಟಿವಿಯ ಪೂರ್ತಿ ಬೆಲೆಯ ಮೇಲೆ ಲೆಕ್ಕ, ತಿರುಗಿ ಕೊಡುವಾಗ ಸವೆದ ಬೆಲೆಯ ಮೇಲೆ ಲೆಕ್ಕ. ನನ್ನನ್ನು ಕೆರಳಿಸಿದ್ದು ಇದು. ಯೋಜನೆಗೆಂದು ಕೊಟ್ಟ ಮೊತ್ತ ಟಿವಿ ಬೆಲೆಯ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚೇ ಇತ್ತು, ಅದಕ್ಕೆ ಸವಕಳಿಯ ಸೋಂಕು ತಗುಲಲಿಲ್ಲ. ‘ಐದು ವರ್ಷದ ರಕ್ಷಣೆ’ ಎಂದು ದೊಡ್ಡಕ್ಷರದಲ್ಲಿ ಅಚ್ಚಾಗಿದ್ದರೂ ಅದರಲ್ಲಿ ಮೊದಲ ವರ್ಷ ತಯಾರಕರ ವಾರಂಟಿಯದ್ದೇ, ಅದಕ್ಕೆ ಇವರ ಕೈಯಿಂದ ಏನೂ ಖರ್ಚಿಲ್ಲ. ಹೀಗೆ ಮುಖಪುಟದಲ್ಲಿ ಒಂದು ಮಾತು, ಒಳಪುಟದಲ್ಲಿ ಅದನ್ನು ಕೊರೆದು ಹಾಕುವ ಇನ್ನೊಂದು ಮಾತು ಇರುವ ಕಾಗದವನ್ನು ರಕ್ಷಣೆ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಸವಕಳಿಯ ಕೋಷ್ಟಕವನ್ನು ಯೋಜನೆಯ ಬೆಲೆಯ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಲಿ. ಆಗ ಎಷ್ಟು ಮಂದಿ ಕೊಳ್ಳುತ್ತಾರೋ ನೋಡೋಣ.

ಲೆಕ್ಕದ ದೃಷ್ಟಿಯಿಂದಲೂ ಟಿವಿಯಂಥ ವಸ್ತುವಿಗೆ ಇದು ಹೊಂದುವುದಿಲ್ಲ. ಎಲೆಕ್ಟ್ರಾನಿಕ್ ವಸ್ತುಗಳು ಕೆಡುವ ಪ್ರಮಾಣವನ್ನು ನಕ್ಷೆಯಲ್ಲಿ ಬರೆದರೆ ಸಾಮಾನ್ಯವಾಗಿ ಸ್ನಾನದ ತೊಟ್ಟಿಯ ಆಕಾರ ಬರುತ್ತದೆ ಎನ್ನುತ್ತಾರೆ ವಿಶ್ವಾಸಾರ್ಹತೆಯನ್ನು ಅಧ್ಯಯನ ಮಾಡುವ ಎಂಜಿನಿಯರುಗಳು. ತಯಾರಿಕೆಯಲ್ಲೇ ದೋಷವಿದ್ದರೆ ಆರಂಭದ ತಿಂಗಳುಗಳಲ್ಲೇ ಬಯಲಾಗುತ್ತದೆ, ಅದು ತಯಾರಕರ ವಾರಂಟಿಯ ಪಾಲು. ಸವೆದು ಕೆಡುವುದು ಹಲವು ವರ್ಷಗಳ ನಂತರ, ಬಹಳಷ್ಟು ಬಾರಿ ವಿಸ್ತರಿತ ಅವಧಿಯೂ ಮುಗಿದ ಮೇಲೆ. ನಡುವೆ ಉಳಿಯುವ, ಕೆಡುವುದು ತೀರ ಕಡಿಮೆಯಿರುವ ಚಪ್ಪಟೆ ತಳವೇ ನಾವು ಹಣ ಕೊಟ್ಟು ಕೊಳ್ಳುವ ಅವಧಿ. ಅದರ ಮೇಲೆ, ಕ್ಲೇಮುಗಳಿಗೆ ಆಗುವ ಸರಾಸರಿ ವೆಚ್ಚ, ಮಾರಿದವರ ಕಮಿಷನ್, ಕಂಪನಿಯ ಲಾಭ ಎಲ್ಲವೂ ನಾವು ಕೊಡುವ ಮೊತ್ತದಿಂದಲೇ ಹುಟ್ಟಬೇಕು. ಅಂದರೆ ಕೊಳ್ಳುವವರೆಲ್ಲರನ್ನೂ ಒಟ್ಟಿಗೆ ತೆಗೆದುಕೊಂಡರೆ ಅವರು ಕೊಟ್ಟದ್ದಕ್ಕಿಂತ ಪಡೆಯುವುದು ಕಡಿಮೆಯೇ. ಮನೆ ಸುಟ್ಟುಹೋದರೆ ಬದುಕೇ ಬೀದಿಗೆ ಬರುತ್ತದೆ, ಅದಕ್ಕೆ ವಿಮೆ ಬೇಕು. ಟಿವಿ ಕೆಟ್ಟರೆ ಸಂಜೆ ಬೇಸರವಾಗಬಹುದು, ಅಷ್ಟೇ.

ಇನ್ನೊಂದು ಸಂಗತಿ ಜನರಿಗೆ ಸಾಕಷ್ಟು ಗೊತ್ತಿಲ್ಲ. ಒಂದು ಮಾದರಿಯಲ್ಲಿ ದೋಷ ವ್ಯಾಪಕವಾಗಿದ್ದರೆ ತಯಾರಕರೇ ಉಚಿತವಾಗಿ ಅವಧಿ ವಿಸ್ತರಿಸಬೇಕಾಗಿ ಬಂದ ಉದಾಹರಣೆಗಳಿವೆ. ಎಕ್ಸ್‌ಬಾಕ್ಸ್ 360 ಎಂಬ ವಿಡಿಯೊ ಆಟದ ಯಂತ್ರದಲ್ಲಿ ಕೆಂಪು ದೀಪ ಹತ್ತಿ ಯಂತ್ರ ಸ್ತಬ್ಧವಾಗುವ ತೊಂದರೆ ಹೆಚ್ಚಾದಾಗ ಮೈಕ್ರೋಸಾಫ್ಟ್ 2007ರಲ್ಲಿ ಆ ದೋಷಕ್ಕೆ ಮೂರು ವರ್ಷಗಳ ವಾರಂಟಿ ಘೋಷಿಸಿ, ನೂರು ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಅದಕ್ಕೆಂದು ತೆಗೆದಿಟ್ಟಿತು. ಮ್ಯಾಕ್‌ಬುಕ್ ಲ್ಯಾಪ್‌ಟಾಪ್‌ಗಳ ಕೆಲವು ಮಾದರಿಗಳ ಕೀಬೋರ್ಡ್ ತೊಂದರೆಗೆ ಆಪಲ್ 2018ರಲ್ಲಿ, ಮೊದಲ ಮಾರಾಟದಿಂದ ನಾಲ್ಕು ವರ್ಷದವರೆಗೆ ಉಚಿತ ದುರಸ್ತಿಯ ಕಾರ್ಯಕ್ರಮ ತಂದಿತು. ನಿಮ್ಮ ವಸ್ತು ಕೆಟ್ಟಾಗ ಇಂಥ ಕಾರ್ಯಕ್ರಮ ಇದೆಯೇ ಎಂದು ಮೊದಲು ಹುಡುಕಿ, ಆಮೇಲೆ ಕ್ಲೇಮ್ ಮಾಡಿ. ಕಾನೂನು ಕೊಡುವ ಹಕ್ಕನ್ನೂ ನೋಡಿಕೊಳ್ಳಿ: ಐರೋಪ್ಯ ಒಕ್ಕೂಟದಲ್ಲಿ ವಸ್ತುವನ್ನು ಕೈಗೆ ಕೊಟ್ಟ ದಿನದಿಂದ ಕನಿಷ್ಠ ಎರಡು ವರ್ಷ ಮಾರಿದವರೇ ದೋಷಕ್ಕೆ ಹೊಣೆ, ಅದಕ್ಕೆ ಪ್ರತ್ಯೇಕ ಹಣ ಕೊಡಬೇಕಾಗಿಲ್ಲ. ಬ್ರಿಟನ್ನಿನಲ್ಲಿ 2005ರ ಆದೇಶದ ಪ್ರಕಾರ, ಗೃಹಬಳಕೆಯ ವಿದ್ಯುತ್ ಉಪಕರಣಗಳಿಗೆ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಕೊಂಡ ವಿಸ್ತರಿತ ವಾರಂಟಿಯನ್ನು, ಅದರಡಿ ಕ್ಲೇಮ್ ಮಾಡಿರದಿದ್ದರೆ, 45 ದಿನಗಳೊಳಗೆ ರದ್ದುಮಾಡಿ ಹಣ ವಾಪಸು ಪಡೆಯಬಹುದು. ಕೌಂಟರಿನ ಮುಂದೆ ನಿಂತು ಅವಸರದಲ್ಲಿ ತಲೆಯಾಡಿಸುವವರಿಗೆ ಮನೆಗೆ ಹೋಗಿ ಓದುವಷ್ಟು ಸಮಯ ಕೊಡುವ ಈ ನಿಯಮ ಎಲ್ಲ ಕಡೆಯೂ ಇರಬೇಕಿತ್ತು.

ಇಷ್ಟು ಬರೆದ ಮೇಲೂ ಲ್ಯಾಪ್‌ಟಾಪಿನ ಯೋಜನೆಯ ಬಗ್ಗೆ ನನ್ನ ಮಾತು ಬೇರೆಯೇ.

ಅದು ನನ್ನ ಅನ್ನದ ದಾರಿ. ಬೆಳಿಗ್ಗೆ ಮುಚ್ಚಳ ತೆರೆದು, ಕೀಲಿಗಳ ಸಂದಿಯ ದೂಳನ್ನು ಸಣ್ಣ ಬ್ರಷ್ಷಿನಿಂದ ತೆಗೆದು ಕೂತರೆ ಸಂಜೆಯವರೆಗೆ ಬೆರಳುಗಳು ಅದರ ಮೇಲೆಯೇ. ಎಲ್ಲೆಂದರಲ್ಲಿ ಹೊತ್ತುಕೊಂಡು ಹೋಗುವ ವಸ್ತುವಿಗೆ ತೊಟ್ಟಿಯಾಕಾರದ ನಕ್ಷೆ ಸಾಲದು. ಅದು ಬೀಳುತ್ತದೆ, ಅದರ ಮೇಲೆ ಏನಾದರೂ ಚೆಲ್ಲುತ್ತದೆ, ತೆರೆದು ಮುಚ್ಚಿ ಹಿಂಜ್ ಸಡಿಲಗೊಳ್ಳುತ್ತದೆ. ಸಾಮಾನ್ಯ ವಿಸ್ತರಿತ ವಾರಂಟಿ ಇವನ್ನೆಲ್ಲ ಹೊರಗಿಡುತ್ತದೆ. ಅದಕ್ಕೇ ಆಕಸ್ಮಿಕ ಹಾನಿಯೂ ಸೇರಿರುವ, ತಂತ್ರಜ್ಞರು ಮನೆಗೇ ಬರುವ ಯೋಜನೆಯನ್ನು ಹುಡುಕಿ ಕೊಂಡಿದ್ದೆ. ಬ್ಯಾಟರಿಯ ಸಾಮರ್ಥ್ಯ ಕುಗ್ಗುವುದು ಅದರಲ್ಲೂ ಸೇರಿರಲಿಲ್ಲ, ಅದು ಬಳಕೆಯಲ್ಲಿ ಕರಗುವ ಭಾಗ ಎಂದು ಮೊದಲೇ ಸ್ಪಷ್ಟವಾಗಿ ಬರೆದಿದ್ದರು. ಸ್ಪಷ್ಟವಾಗಿ ಬರೆದರೆ ನನಗೆ ತಕರಾರಿಲ್ಲ.

ಒಮ್ಮೆ ಮೇಜಿನ ಮೇಲಿನ ನೀರಿನ ಲೋಟ ಉರುಳಿ ಕೀಬೋರ್ಡಿನ ಬಲಭಾಗ ಸತ್ತಿತು. ನೀರು ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಮರುದಿನವೇ ತಂತ್ರಜ್ಞರೊಬ್ಬರು ಬಿಡಿಭಾಗದ ಪೆಟ್ಟಿಗೆಯೊಂದಿಗೆ ಬಂದರು. ಅವರು ಕೆಲಸ ಮಾಡಿದ ಬಗೆಯನ್ನು ಪಕ್ಕದಲ್ಲೇ ಕೂತು ನೋಡಿದ್ದು ಈ ಯೋಜನೆ ನನಗೆ ಕೊಟ್ಟ ಅನಿರೀಕ್ಷಿತ ಸಂತೋಷ. ತಳದ ತಿರುಪುಗಳನ್ನು ಬಿಚ್ಚಿದಂತೆಲ್ಲ ಅವು ಇದ್ದ ಜಾಗದ ಕ್ರಮದಲ್ಲೇ ಒಂದು ಆಯಸ್ಕಾಂತದ ಹಾಸಿನ ಮೇಲೆ ಜೋಡಿಸುತ್ತ ಹೋದರು, ಹಿಂಜಿನ ಬಳಿಯ ಉದ್ದ ತಿರುಪುಗಳು ಬೇರೆ, ನಡುವಿನ ಗಿಡ್ಡ ತಿರುಪುಗಳು ಬೇರೆ. ಒಳಗೆ ಕೈ ಹಾಕುವ ಮೊದಲು ಬ್ಯಾಟರಿಯ ಕೇಬಲ್ ಕಳಚಿದರು. ಕಾಗದದಷ್ಟು ತೆಳ್ಳಗಿನ ಪಟ್ಟಿ ಕೇಬಲ್‌ಗಳ ಚಿಲಕವನ್ನು ಉಗುರಿನ ತುದಿಯಿಂದ ಎತ್ತಿ ಎಳೆದರು, ಎಲ್ಲೂ ಬಲ ಹಾಕಲಿಲ್ಲ. ಕೀಬೋರ್ಡನ್ನು ಮೇಲಿನ ಕವಚಕ್ಕೆ ರಿವೆಟ್ ಹೊಡೆದು ಕೂರಿಸಿರುತ್ತಾರಾದ್ದರಿಂದ ಇಡೀ ಕವಚವೇ ಹೊಸದಾಯಿತು. “ಹಿಂಜಿನ ಹತ್ತಿರ ಪ್ಲಾಸ್ಟಿಕ್ ಬಿರುಕು ಬಿಡುತ್ತಿತ್ತು ಸರ್, ಅದೂ ಈಗ ಹೋಯಿತು” ಎಂದು ಹಳೆಯ ಕವಚವನ್ನು ತಿರುಗಿಸಿ ತೋರಿಸಿದರು. ಸವಕಳಿಯ ಮಾತಿಲ್ಲ, ನನ್ನ ಪಾಲು ಎಂಬ ಮಾತಿಲ್ಲ. ಅಂದು ಮಧ್ಯಾಹ್ನವೇ ಕೆಲಸಕ್ಕೆ ಕೂತೆ.

ಇದೇ ರಿಪೇರಿಯನ್ನು ಹೊರಗೆ ಹಣ ಕೊಟ್ಟು ಮಾಡಿಸಿದ್ದರೆ ಯೋಜನೆಯ ಬೆಲೆಗಿಂತ ತುಸು ಹೆಚ್ಚೇ ಆಗುತ್ತಿತ್ತು. ಆ ವ್ಯತ್ಯಾಸ ನನಗೆ ದೊಡ್ಡದಲ್ಲ. ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾಯುತ್ತ, ಎರವಲು ಯಂತ್ರದಲ್ಲಿ ಒದ್ದಾಡುತ್ತ, ಒಪ್ಪಿಕೊಂಡ ಕೆಲಸ ತಪ್ಪಿಸುವ ಸ್ಥಿತಿ ಬರಲಿಲ್ಲವಲ್ಲ, ಹಣ ಕೊಟ್ಟದ್ದು ಅದಕ್ಕೆ. ಲ್ಯಾಪ್‌ಟಾಪನ್ನು ವಾರಕ್ಕೊಮ್ಮೆ ತೆರೆಯುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಕೆಟ್ಟರೆ ಇನ್ನೊಂದನ್ನು ಸಲೀಸಾಗಿ ಕೊಳ್ಳಬಲ್ಲವರಿಗಂತೂ ಯಾವ ಯೋಜನೆಯೂ ಬೇಕಾಗಿಲ್ಲ. ನನ್ನದು ಆ ಸ್ಥಿತಿಯಲ್ಲ. ಏಕಾಏಕಿ ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕಾದರೆ ಆ ತಿಂಗಳ ಬೇರೆಲ್ಲ ಖರ್ಚಿಗೂ ಕತ್ತರಿ ಬೀಳುತ್ತದೆ.

ಕೊಳ್ಳಲೇಬೇಕು ಎಂದು ನಿರ್ಧರಿಸಿದವರು ಷರತ್ತುಗಳ ಕಾಗದವನ್ನು ಹಿಂದಿನಿಂದ ಓದಿ. ಹೊರಗಿಟ್ಟ ಹಾನಿಗಳ ಪಟ್ಟಿ ಅಲ್ಲಿರುತ್ತದೆ. ವಿದ್ಯುತ್ ಏರಿಳಿತ, ದ್ರವ, ಓಎಲ್‌ಇಡಿ (ಪ್ರತಿ ಚುಕ್ಕೆಯೂ ತಾನೇ ಬೆಳಗುವ ಬಗೆಯ) ಪರದೆಯಲ್ಲಿ ಉಳಿದುಬಿಡುವ ಚಿತ್ರದ ಅಚ್ಚು, ಸಹಜ ಸವೆತ, ಇವು ಎಷ್ಟೋ ಯೋಜನೆಗಳಲ್ಲಿ ಹೊರಗೇ ಉಳಿಯುತ್ತವೆ. ಇವನ್ನೆಲ್ಲ ತೆಗೆದುಹಾಕಿದ ಮೇಲೆ ನಿಮ್ಮ ವಸ್ತು ಕೆಡಬಹುದಾದ ದಾರಿ ಇನ್ನೇನು ಉಳಿಯಿತು ಎಂದು ಯೋಚಿಸಿ. ದುರಸ್ತಿ ಮಾಡುವವರು ತಯಾರಕರ ಅಧಿಕೃತ ಕೇಂದ್ರದವರೇ ಅಥವಾ ಬೇರೆಯವರೇ ಎಂಬುದನ್ನೂ ಕೇಳಿ. ನನ್ನ ಎರಡು ಅನುಭವಗಳ ನಡುವಿನ ಅಂತರಕ್ಕೆ ಅರ್ಧ ಕಾರಣ ಅದೇ.

ಹೊಸ ಟಿವಿಗೆ ನಾನು ವಿಸ್ತರಿತ ವಾರಂಟಿ ಕೊಂಡಿಲ್ಲ. ಅದಕ್ಕೆ ಕೇಳಿದಷ್ಟು ಮೊತ್ತವನ್ನು ಬೇರೆ ಖಾತೆಯಲ್ಲಿ ಇಟ್ಟಿದ್ದೇನೆ, ಮನೆಯ ಯಾವ ಉಪಕರಣ ಕೆಟ್ಟರೂ ಅದರಿಂದಲೇ ದುರಸ್ತಿ. ಹೊಸ ಲ್ಯಾಪ್‌ಟಾಪಿಗೆ ಹಳೆಯ ಯೋಜನೆಯನ್ನೇ ಮತ್ತೆ ತೆಗೆದುಕೊಂಡೆ, ಆಕಸ್ಮಿಕ ಹಾನಿಯ ಭಾಗ ಈ ಬಾರಿಯೂ ಸೇರಿದೆ ಎಂದು ಕಾಗದದಲ್ಲಿ ಓದಿ ಖಚಿತಪಡಿಸಿಕೊಂಡ ಮೇಲೆ. ಟಿವಿಯ ಯೋಜನೆಗೆ ಐದರಲ್ಲಿ ಒಂದು ನಕ್ಷತ್ರ, ಲ್ಯಾಪ್‌ಟಾಪಿನದ್ದಕ್ಕೆ ನಾಲ್ಕು. ಬ್ಯಾಟರಿಯನ್ನೂ ಒಮ್ಮೆ ಬದಲಿಸಿಕೊಟ್ಟಿದ್ದರೆ ಐದೂ ಕೊಡುತ್ತಿದ್ದೆ.