ಕಚೇರಿಗೆ ಒಂದು, ಮನೆಗೆ ಇನ್ನೊಂದು: ಬಳಸಿ ನೋಡಿದ ಪಾಸ್‌ವರ್ಡ್ ಮ್ಯಾನೇಜರ್‌ಗಳ ಹೋಲಿಕೆ

ಬಾಗಲಕೋಟೆಯ ನವನಗರದಲ್ಲಿ ನಾನು ಕೆಲಸ ಮಾಡುವ ತೆರಿಗೆ ಸಲಹಾ ಕಚೇರಿಗೆ ಇಳಕಲ್ಲಿನ ಸೀರೆ ವ್ಯಾಪಾರಸ್ಥರು, ಗುಳೇದಗುಡ್ಡದ ಖಣದ ಅಂಗಡಿಯವರು, ಮುಧೋಳ, ಜಮಖಂಡಿ ಕಡೆಯ ಬೀಜ ಗೊಬ್ಬರದ ಮಾರಾಟಗಾರರು ತಮ್ಮ ಜಿಎಸ್‌ಟಿ ಮತ್ತು ಆದಾಯ ತೆರಿಗೆ ಖಾತೆಗಳ ಲಾಗಿನ್‌ಗಳನ್ನು ಒಪ್ಪಿಸಿದ್ದಾರೆ. ಹೀಗಾಗಿ ನಮ್ಮ ಬಳಿ ಇರುವ ಪಾಸ್‌ವರ್ಡ್‌ಗಳಲ್ಲಿ ಹೆಚ್ಚಿನವು ನಮ್ಮವಲ್ಲ; ಬೇರೆಯವರು ನಂಬಿಕೆಯಿಂದ ಇಟ್ಟುಹೋದವು. ಪಾಸ್‌ವರ್ಡ್‌ಗಳನ್ನು ಹುಟ್ಟಿಸಿ, ಬೀಗ ಹಾಕಿ ಇಟ್ಟು, ಬೇಕಾದಾಗ ತುಂಬಿಸಿಕೊಡುವ ತಂತ್ರಾಂಶಗಳಾದ ಪಾಸ್‌ವರ್ಡ್ ಮ್ಯಾನೇಜರ್‌ಗಳ ಬಗ್ಗೆ ನಾನು ಓದಿದ ಬರಹಗಳು ಬಹುಮಟ್ಟಿಗೆ ಗೂಢಲಿಪೀಕರಣ (ಕೀಲಿ ಇಲ್ಲದವರು ಓದಲಾಗದಂತೆ ಮಾಡುವುದು) ಎಷ್ಟು ಬಲವಾಗಿದೆ, ಬೆಲೆ ಎಷ್ಟು ಎಂಬಲ್ಲಿಗೆ ನಿಲ್ಲುತ್ತವೆ. ಕಚೇರಿಯಲ್ಲಿಯೂ ಮನೆಯಲ್ಲಿಯೂ ಹಲವನ್ನು ಬಳಸಿ ನೋಡಿದ ಮೇಲೆ ನನಗೆ ಮುಖ್ಯವೆನಿಸಿದ ಅಳತೆ ಬೇರೆಯೇ ಆಗಿದೆ: ಪಾಸ್‌ವರ್ಡ್ ಬಲ್ಲವರು ಊರಲ್ಲಿಲ್ಲದ ದಿನ ಇನ್ನೊಬ್ಬರು ಕೆಲಸ ಮುಂದುವರಿಸಲು ಸಾಧ್ಯವೇ, ಮತ್ತು ಕೆಲಸ ಬಿಟ್ಟುಹೋದವರ ಕೈಯಿಂದ ಆ ಕೀಲಿ ನಿಜವಾಗಿ ಹಿಂದಕ್ಕೆ ಬರುತ್ತದೆಯೇ?

ಈ ಅಳತೆಯಿಂದ ನೋಡಿದರೆ ಹಳೆಯ ರಿಜಿಸ್ಟರ್ ಪುಸ್ತಕವನ್ನು ತಳ್ಳಿಹಾಕಲು ಬರುವುದಿಲ್ಲ. ಅದನ್ನು ಅಂತರ್ಜಾಲದ ಮೂಲಕ ಯಾರೂ ಕದಿಯಲಾರರು, ಮತ್ತು ಕಪಾಟಿನ ಕೀಲಿ ಇದ್ದ ಯಾರಾದರೂ ಅದನ್ನು ತೆರೆದು ಕೆಲಸ ಮುಂದುವರಿಸಬಹುದು. ಅದರ ದೋಷವಿರುವುದು ಬೇರೆ ಕಡೆ. ಕೈಯಿಂದ ಬರೆದು ಕೈಯಿಂದ ಟೈಪ್ ಮಾಡಬೇಕಾದ ಪಾಸ್‌ವರ್ಡನ್ನು ಯಾರೂ ಕಠಿಣವಾಗಿ ಇಡುವುದಿಲ್ಲ. ಅಂಗಡಿಯ ಹೆಸರಿನ ಮುಂದೆ ಒಂದು ಚಿಹ್ನೆ, ಅದರ ಮುಂದೆ 123 ಎಂಬ ಒಂದೇ ಅಚ್ಚಿನಲ್ಲಿ ಎಲ್ಲವೂ ಮೂಡುತ್ತವೆ, ಮತ್ತು ಒಂದನ್ನು ಬಲ್ಲವರು ಉಳಿದವನ್ನು ಊಹಿಸಬಲ್ಲರು. ಎಕ್ಸೆಲ್ ಹಾಳೆ ಇದಕ್ಕಿಂತ ಕಳಪೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಳೆಗೆ ಹಾಕುವ ‘ಪ್ರೊಟೆಕ್ಟ್ ಶೀಟ್’ ರಕ್ಷಣೆ ಕೇವಲ ತಿದ್ದುಪಡಿಯನ್ನು ತಡೆಯುತ್ತದೆಯೇ ಹೊರತು ಒಳಗಿನ ವಿಷಯವನ್ನು ಗೂಢಲಿಪಿಗೆ ತಿರುಗಿಸುವುದಿಲ್ಲ. ಕಡತ ತೆರೆಯುವುದಕ್ಕೇ ಪಾಸ್‌ವರ್ಡ್ ಇಟ್ಟರೆ ಮಾತ್ರ ಗೂಢಲಿಪೀಕರಣ ಆಗುತ್ತದೆ. ಆದರೆ ಆ ಹಾಳೆಯನ್ನು ಯಾರೋ ಒಬ್ಬರು ಅವಸರದಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಮೇಲೆ ಅದರ ಪ್ರತಿಗಳು ಎಷ್ಟು ಮೊಬೈಲ್‌ಗಳಲ್ಲಿವೆ ಎಂದು ಹೇಳಬಲ್ಲವರು ಯಾರೂ ಇರುವುದಿಲ್ಲ.

ಮ್ಯಾನೇಜರ್ ಬಳಸುವುದರಿಂದ ಸಿಗುವ ದೊಡ್ಡ ಲಾಭ ನೆನಪಿನ ಹೊರೆ ಇಳಿಯುವುದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಾನು ಅದಕ್ಕಿಂತ ಮಿಗಿಲಾಗಿ ಬೆಲೆ ಕೊಡುವುದು, ಉಳಿಸಿಟ್ಟ ಜಾಲತಾಣದ ವಿಳಾಸ ಸರಿಹೊಂದದಿದ್ದರೆ ಅದು ತಾನಾಗಿ ಪಾಸ್‌ವರ್ಡ್ ಮುಂದಿಡುವುದಿಲ್ಲ ಎಂಬ ಗುಣಕ್ಕೆ. ತೆರಿಗೆ ಮರುಪಾವತಿ ಬಂದಿದೆ ಎಂದು ಎಸ್‌ಎಂಎಸ್ ಕೊಂಡಿ ಒತ್ತಿಸಿ, ಇಲಾಖೆಯ ಪುಟದಂತೆಯೇ ಕಾಣುವ ನಕಲಿ ಪುಟಕ್ಕೆ ಕರೆದೊಯ್ದರೆ ನಮ್ಮ ಕಣ್ಣು ಮೋಸಹೋಗಬಹುದು. ವಿಳಾಸವನ್ನು ಅಕ್ಷರ ಅಕ್ಷರವಾಗಿ ಹೋಲಿಸುವ ತಂತ್ರಾಂಶ ಮೋಸಹೋಗುವುದಿಲ್ಲ. ಅದು ಮೌನವಾಗಿದ್ದಾಗ ಕೈಯಿಂದ ನಕಲಿಸಿ ಅಂಟಿಸಲು ಮುಂದಾಗದೆ ನಿಲ್ಲುವುದನ್ನು ಕಚೇರಿಯ ಹೊಸ ಹುಡುಗರಿಗೆ ಮೊದಲ ದಿನವೇ ಕಲಿಸುತ್ತೇವೆ. ಈ ಗುಣ ಮುಂದೆ ಹೇಳುವ ಎಲ್ಲವುಗಳಲ್ಲಿಯೂ ಇದೆ. ಕೀಪಾಸ್‌ಎಕ್ಸ್‌ಸಿಯಲ್ಲಿ ಮಾತ್ರ ಅದರ ಬ್ರೌಸರ್ ವಿಸ್ತರಣೆಯನ್ನು, ಅಂದರೆ ಬ್ರೌಸರ್‌ಗೆ ಸೇರಿಸುವ ಪುಟ್ಟ ತಂತ್ರಾಂಶವನ್ನು, ಜೋಡಿಸಿಕೊಂಡರೆ ಸಿಗುತ್ತದೆ.

ಮೊದಲನೆಯದು ಕ್ರೋಮ್ ಬ್ರೌಸರ್‌ನೊಳಗೇ ಇರುವ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್. ಬೇರೆ ಏನನ್ನೂ ಹಾಕಿಕೊಳ್ಳಬೇಕಿಲ್ಲ, ಹಣ ಕೊಡಬೇಕಿಲ್ಲ, ಆಂಡ್ರಾಯ್ಡ್ ಮೊಬೈಲ್‌ನಲ್ಲಿ ಬೆರಳಚ್ಚು ಒತ್ತಿದರೆ ತೆರೆಯುತ್ತದೆ, ಸೋರಿಕೆಯಾದ ಪಾಸ್‌ವರ್ಡ್‌ಗಳನ್ನು ಗುರುತಿಸಿ ಎಚ್ಚರಿಸುತ್ತದೆ. ಆದರೆ ನಮ್ಮ ಕಚೇರಿಯ ಕೆಲಸಕ್ಕೆ ಅದು ಒಗ್ಗಲಿಲ್ಲ, ಮತ್ತು ಅದಕ್ಕೆ ಕಾರಣ ಭದ್ರತೆಯಲ್ಲ. ನಮಗೆ ಜಾಲತಾಣಗಳು ಕೆಲವೇ. ಒಂದೊಂದರಲ್ಲಿ ಖಾತೆಗಳು ಹಲವು. ಜಿಎಸ್‌ಟಿ ಪೋರ್ಟಲ್‌ನ ಲಾಗಿನ್ ಪುಟದಲ್ಲಿ ಕ್ಲಿಕ್ ಮಾಡಿದರೆ ಕ್ರೋಮ್ ಬಳಕೆದಾರರ ಹೆಸರುಗಳ ಉದ್ದನೆಯ ಪಟ್ಟಿಯನ್ನು ಇಳಿಸುತ್ತದೆ, ಮತ್ತು ನೋಂದಣಿಯ ದಿನ ಯಾರೋ ಆಯ್ದ ಆ ಹೆಸರುಗಳಲ್ಲಿ ಯಾವುದು ಯಾವ ಅಂಗಡಿಯದೆಂದು ನೋಡಿದೊಡನೆ ತಿಳಿಯುವುದಿಲ್ಲ. ಮಾರಾಟದ ವಿವರ ಸಲ್ಲಿಸುವ ಜಿಎಸ್‌ಟಿಆರ್-1ಕ್ಕೆ ತಿಂಗಳ 11ನೆಯ ತಾರೀಖು, ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿಗೆ 20ನೆಯ ತಾರೀಖು ಹತ್ತಿರ ಬಂದಾಗ ಪ್ರತಿ ಲಾಗಿನ್‌ಗೂ ಹೀಗೆ ಹುಡುಕುತ್ತ ಕೂರಲು ಆಗದು. ಇದಲ್ಲದೆ ಒಂದೇ ವಿಂಡೋಸ್ ಲಾಗಿನ್‌ನಲ್ಲಿ ನಾಲ್ಕಾರು ಜನ ಕೂರುವ ಕಂಪ್ಯೂಟರ್‌ನಲ್ಲಿ ಒಬ್ಬರ ಗೂಗಲ್ ಖಾತೆ ತೆರೆದಿದ್ದರೆ ಅವರ ಸ್ವಂತ ಪಾಸ್‌ವರ್ಡ್‌ಗಳೂ ಎಲ್ಲರ ಮುಂದಿರುತ್ತವೆ. ಗೂಗಲ್ 2024ರಲ್ಲಿ ಪಾಸ್‌ವರ್ಡ್ ಹಂಚಿಕೊಳ್ಳುವ ಸೌಲಭ್ಯ ತಂದಿತಾದರೂ ಅದು ಕುಟುಂಬದ ಗುಂಪಿಗೆ ಮಾತ್ರ, ಕಚೇರಿ ಕುಟುಂಬವಲ್ಲ.

ಬಿಟ್‌ವಾರ್ಡನ್ 2016ರಲ್ಲಿ ಬಂದದ್ದು, ಮುಕ್ತ ಆಕರದ್ದು, ಅಂದರೆ ಅದರ ಮೂಲ ಸಂಕೇತವನ್ನು ಯಾರಾದರೂ ನೋಡಬಹುದು. ಒಬ್ಬರೇ ಬಳಸುವುದಾದರೆ ಎಷ್ಟು ಪಾಸ್‌ವರ್ಡ್‌ಗಳನ್ನಾದರೂ ಎಷ್ಟು ಸಾಧನಗಳಲ್ಲಾದರೂ ಉಚಿತವಾಗಿ ಇಡಬಹುದು. ನಮ್ಮ ಕಷ್ಟಕ್ಕೆ ಇದು ಮೊದಲ ನೋಟದಲ್ಲಿಯೇ ಉತ್ತರ ಕೊಟ್ಟಿತು: ಪ್ರತಿ ನಮೂದಿಗೂ ನಮಗೆ ಬೇಕಾದ ಹೆಸರಿಡಬಹುದಾದ್ದರಿಂದ ಅಂಗಡಿಯ ಹೆಸರು, ಊರು, ಪೋರ್ಟಲ್ ಈ ಮೂರನ್ನೂ ಶೀರ್ಷಿಕೆಯಲ್ಲಿ ಬರೆದೆವು, ಟಿಪ್ಪಣಿಯ ಜಾಗದಲ್ಲಿ ಒಟಿಪಿ ಯಾರ ಮೊಬೈಲ್‌ಗೆ ಹೋಗುತ್ತದೆಂದು ಗುರುತು ಹಾಕಿದೆವು. ‘ಇಳಕಲ್’ ಎಂದು ಹುಡುಕಿದರೆ ಆ ಊರಿನ ಎಲ್ಲ ಖಾತೆಗಳು ಸಾಲಾಗಿ ಬರುತ್ತವೆ. ಹಂಚಿಕೊಳ್ಳಲು ‘ಆರ್ಗನೈಸೇಷನ್’ ಎಂಬ ವ್ಯವಸ್ಥೆ ಇದ್ದು ಅದರೊಳಗೆ ಬೇರೆ ಬೇರೆ ಸಂಗ್ರಹಗಳನ್ನು ಮಾಡಿ, ಜಿಎಸ್‌ಟಿ ನೋಡುವವರಿಗೆ ಜಿಎಸ್‌ಟಿ ಸಂಗ್ರಹ ಮಾತ್ರ, ಟಿಡಿಎಸ್ (ಮೂಲದಲ್ಲಿಯೇ ಕಡಿತವಾಗುವ ತೆರಿಗೆ) ನೋಡುವವರಿಗೆ ಅದು ಮಾತ್ರ ಕಾಣುವಂತೆ ಮಾಡಲು ಬರುತ್ತದೆ. ಇಬ್ಬರವರೆಗೆ ಇದು ಉಚಿತ, ಹೆಚ್ಚಿನವರಿಗೆ ತಲಾ ಲೆಕ್ಕದಲ್ಲಿ ಶುಲ್ಕ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪಾಸ್‌ವರ್ಡ್ ಕಣ್ಣಿಗೆ ಬೀಳದಂತೆ ಮರೆಮಾಡಿ, ತುಂಬಿಸಲು ಮಾತ್ರ ಬಿಡುವ ಆಯ್ಕೆಯೊಂದು ಅದರಲ್ಲಿದೆ, ಮತ್ತು ಅನೇಕ ಮಾಲೀಕರು ಅದನ್ನು ನೋಡಿ ನಿಶ್ಚಿಂತರಾಗುತ್ತಾರೆ. ಆದರೆ ಪುಟದಲ್ಲಿ ತುಂಬಿಸಿದ ಪಾಸ್‌ವರ್ಡನ್ನು ಬ್ರೌಸರ್‌ನಿಂದ ಹೊರತೆಗೆಯುವುದು ತಿಳಿದವರಿಗೆ ಕಷ್ಟವಲ್ಲ. ಬಿಟ್‌ವಾರ್ಡನ್‌ನವರೂ ಇದನ್ನು ಪೂರ್ಣ ತಡೆ ಎಂದು ಭಾವಿಸಬೇಡಿ ಎಂದೇ ಹೇಳುತ್ತಾರೆ. ನೌಕರರು ಕೆಲಸ ಬಿಟ್ಟಾಗ ಆರ್ಗನೈಸೇಷನ್‌ನಿಂದ ಅವರ ಹೆಸರು ತೆಗೆಯುವುದು ಅರ್ಧ ಕೆಲಸ. ಅವರು ಮುಟ್ಟಿದ ಖಾತೆಗಳ ಪಾಸ್‌ವರ್ಡ್ ಬದಲಿಸುವುದು ಉಳಿದರ್ಧ. ಮ್ಯಾನೇಜರ್ ಇರುವುದರಿಂದ ಆ ಬದಲಾವಣೆ ಸಾಧ್ಯವಾಗುತ್ತದೆ ಎಂಬುದೇ ಅದರ ನಿಜವಾದ ಉಪಕಾರ, ಏಕೆಂದರೆ ಯಾರಿಗೆ ಯಾವ ಸಂಗ್ರಹ ಕಾಣುತ್ತಿತ್ತು ಎಂಬ ಲೆಕ್ಕ ಸಿದ್ಧವಾಗಿರುತ್ತದೆ ಮತ್ತು ಹೊಸ ಪಾಸ್‌ವರ್ಡ್ ಉಳಿದವರಿಗೆಲ್ಲ ತಾನಾಗಿ ತಲುಪುತ್ತದೆ.

ಪಾಸ್‌ವರ್ಡ್ ಹುಟ್ಟಿಸುವಾಗ ಒಂದು ತೊಡಕಿದೆ. ನಾವು ಬಳಸುವ ಸರಕಾರಿ ಪೋರ್ಟಲ್‌ಗಳಲ್ಲಿ ಕೆಲವು 14 ಅಥವಾ 15 ಅಕ್ಷರಗಳಿಗಿಂತ ಉದ್ದದ್ದನ್ನು ಒಪ್ಪುವುದಿಲ್ಲ, ಕೆಲವು ಚಿಹ್ನೆಗಳನ್ನೂ ತಿರಸ್ಕರಿಸುತ್ತವೆ. ಬಿಟ್‌ವಾರ್ಡನ್ ಮತ್ತು ಕೀಪಾಸ್‌ಎಕ್ಸ್‌ಸಿ ಎರಡರಲ್ಲಿಯೂ ಉದ್ದ ಮತ್ತು ಚಿಹ್ನೆಗಳನ್ನು ನಾವೇ ನಿಗದಿ ಮಾಡಬಹುದು, ಹಳೆಯ ಪಾಸ್‌ವರ್ಡ್‌ಗಳ ಇತಿಹಾಸವೂ ಉಳಿಯುತ್ತದೆ. ಪೋರ್ಟಲ್ ಬದಲಾವಣೆಯನ್ನು ಅರ್ಧಕ್ಕೇ ಕೈಬಿಟ್ಟಾಗ ಆ ಇತಿಹಾಸ ಕೈಹಿಡಿಯುತ್ತದೆ. ಕರೆಂಟು ಅಥವಾ ಇಂಟರ್‌ನೆಟ್ ಹೋದಾಗ ಬಿಟ್‌ವಾರ್ಡನ್ ಈ ಹಿಂದೆ ಸಿಂಕ್ ಆದ ಪ್ರತಿಯನ್ನು ಓದಲು ಕೊಡುತ್ತದೆ, ತಿದ್ದಲು ಬಿಡುವುದಿಲ್ಲ. ಬ್ರೌಸರ್ ವಿಸ್ತರಣೆಗೆ ಕನ್ನಡ ಭಾಷೆಯ ಆಯ್ಕೆಯೂ ಇದೆ.

ಕೀಪಾಸ್‌ಎಕ್ಸ್‌ಸಿಯ ದಾರಿ ಪೂರ್ತಿ ಬೇರೆ. ಡೊಮಿನಿಕ್ ರೈಶೆಲ್ 2003ರಲ್ಲಿ ಹೊರತಂದ ಕೀಪಾಸ್‌ನ ಪರಂಪರೆಗೆ ಸೇರಿದ ಇದರಲ್ಲಿ ಕಂಪನಿಯೂ ಇಲ್ಲ, ಸರ್ವರೂ ಇಲ್ಲ, ಶುಲ್ಕವೂ ಇಲ್ಲ. ಗೂಢಲಿಪಿಯಲ್ಲಿರುವ ಒಂದೇ ಒಂದು ಕಡತ ನಮ್ಮ ಬಳಿ ಇರುತ್ತದೆ. ಪೆನ್‌ಡ್ರೈವ್‌ನಲ್ಲಿ ಇಡುವುದೋ, ಕಚೇರಿಯ ಕಂಪ್ಯೂಟರ್‌ನಲ್ಲಿ ಇಡುವುದೋ, ಅದು ನಮ್ಮ ಇಚ್ಛೆ, ನಮ್ಮ ಹೊಣೆ. ನನಗೆ ಇದರ ಮೇಲೆ ಒಲವು ಹೆಚ್ಚು ಎಂಬುದನ್ನು ಮುಚ್ಚಿಡುವುದಿಲ್ಲ. ಇದರ ಆಟೋ-ಟೈಪ್ ಸೌಲಭ್ಯ ಕೀಬೋರ್ಡ್ ಒತ್ತಿದಂತೆಯೇ ಅಕ್ಷರಗಳನ್ನು ಕಳಿಸುವುದರಿಂದ, ಪೇಸ್ಟ್ ಮಾಡಲು ಬಿಡದ ಬ್ಯಾಂಕ್ ಪುಟಗಳಲ್ಲಿಯೂ, ಬ್ರೌಸರ್‌ನ ಹೊರಗಿರುವ, ಲೆಕ್ಕ ಬರೆಯುವ ಟ್ಯಾಲಿಯಂಥ ತಂತ್ರಾಂಶಗಳ ಲಾಗಿನ್ ಕಿಟಕಿಯಲ್ಲಿಯೂ ಅದು ನಡೆಯುತ್ತದೆ. ಲೆಕ್ಕಪತ್ರದ ಕಚೇರಿಗೆ ಇದು ಸಣ್ಣ ಅನುಕೂಲವಲ್ಲ. ಡಿಜಿಟಲ್ ಸಹಿಯ ಟೋಕನ್‌ಗಳ (ಸಹಿಯನ್ನು ಇಟ್ಟಿರುವ, ಪೆನ್‌ಡ್ರೈವ್‌ನಂಥ ಸಾಧನಗಳ) ಪಾಸ್‌ವರ್ಡ್‌ಗಳನ್ನೂ ಅದರಲ್ಲಿಯೇ ಇಟ್ಟಿದ್ದೇನೆ. ಹಲವು ಬಾರಿ ತಪ್ಪು ಹೊಡೆದರೆ ಟೋಕನ್ ಬಂದ್ ಆಗುವುದರಿಂದ ಅಂದಾಜಿನ ಮೇಲೆ ಪ್ರಯತ್ನಿಸುವಂತಿಲ್ಲ.

ಆದರೆ ಹಲವರು ಕೂಡಿ ಬಳಸುವಾಗ ಇದೇ ಗುಣ ಭಾರವಾಗುತ್ತದೆ. ಇಬ್ಬರು ಎರಡು ಪ್ರತಿಗಳಲ್ಲಿ ತಿದ್ದುಪಡಿ ಮಾಡಿದರೆ ಅವನ್ನು ಒಂದುಗೂಡಿಸಬೇಕು. ಒಂದುಗೂಡಿಸುವ ಸೌಲಭ್ಯ ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಅದನ್ನು ನೆನಪಿಟ್ಟು ಮಾಡುವ ಒಬ್ಬರು ಬೇಕು. ಅವರು ರಜೆಯಲ್ಲಿದ್ದರೆ ಯಾವ ಪ್ರತಿ ಹೊಸದೆಂಬ ಗೊಂದಲ ಹುಟ್ಟುತ್ತದೆ. ಕಡತ ತೆರೆದವರಿಗೆ ಅದರೊಳಗಿನ ಎಲ್ಲವೂ ಕಾಣುತ್ತದೆ. ಒಬ್ಬರಿಗೆ ಒಂದು ಭಾಗ, ಇನ್ನೊಬ್ಬರಿಗೆ ಇನ್ನೊಂದು ಎಂದು ಹಂಚಬೇಕಾದರೆ ಬೇರೆ ಬೇರೆ ಕಡತಗಳನ್ನೇ ಮಾಡಬೇಕು. ಕೆಲಸ ಬಿಟ್ಟವರ ಬಳಿ ಹಳೆಯ ಕಡತದ ಪ್ರತಿ ಉಳಿದಿದ್ದರೆ, ಕಡತವನ್ನು ತೆರೆಯುವ ಮುಖ್ಯ ಪಾಸ್‌ವರ್ಡನ್ನು ನಾವು ಬದಲಿಸಿದರೂ ಆ ಹಳೆಯ ಪ್ರತಿ ಹಳೆಯ ಪಾಸ್‌ವರ್ಡ್‌ಗೇ ತೆರೆದುಕೊಳ್ಳುತ್ತದೆ. ಮೊಬೈಲ್‌ಗೆ ಕೀಪಾಸ್‌ಡಿಎಕ್ಸ್ ಎಂಬ ಪ್ರತ್ಯೇಕ ಆ್ಯಪ್ ಬೇಕು, ಮತ್ತು ಕಡತವನ್ನು ಅಲ್ಲಿಗೆ ಮುಟ್ಟಿಸುವ ಏರ್ಪಾಡನ್ನು ನಾವೇ ಮಾಡಿಕೊಳ್ಳಬೇಕು. ಒಂಟಿಯಾಗಿ ಕೆಲಸ ಮಾಡುವ ಲೆಕ್ಕಿಗರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಹೇಳಲಾರೆ. ಮೂರು ಜನರಿದ್ದರೆ ಹೇಳಲು ಹಿಂಜರಿಯುತ್ತೇನೆ.

ಒನ್‌ಪಾಸ್‌ವರ್ಡ್ ಕೆನಡಾದ ಕಂಪನಿಯದು; ಉಚಿತ ಯೋಜನೆ ಇಲ್ಲದ್ದರಿಂದ ಪ್ರಾಯೋಗಿಕ ಅವಧಿಯಲ್ಲಿ ಮಾತ್ರ ಬಳಸಿದೆ. ನಾನು ನೋಡಿದವುಗಳಲ್ಲಿ ಅತ್ಯಂತ ನಯವಾದದ್ದು ಅದೇ. ಮುಖ್ಯ ಪಾಸ್‌ವರ್ಡ್ ಜೊತೆಗೆ ಪ್ರತಿ ಖಾತೆಗೆ 34 ಅಕ್ಷರಗಳ ರಹಸ್ಯ ಕೀಲಿಯನ್ನೂ ಕೊಡುವುದರಿಂದ ಸರ್ವರ್‌ನಿಂದ ದತ್ತಾಂಶ ಕಳುವಾದರೂ ಕೇವಲ ಊಹೆಯಿಂದ ತೆರೆಯುವುದು ಅಸಾಧ್ಯವೆನ್ನುವ ಮಟ್ಟಿಗೆ ಕಠಿಣವಾಗುತ್ತದೆ. ಜಿಲ್ಲಾ ಮಟ್ಟದ ಸಣ್ಣ ಕಚೇರಿಯಲ್ಲಿ ತಲಾ ಡಾಲರ್ ಲೆಕ್ಕದ ಶುಲ್ಕವನ್ನು ವರ್ಷವರ್ಷವೂ ಒಪ್ಪಿಸುವುದು ಸುಲಭವಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಬಿಟ್ಟೆವು.

ಲಾಸ್ಟ್‌ಪಾಸ್ ಅನ್ನು ಪ್ರಯೋಗಕ್ಕೂ ತೆಗೆದುಕೊಳ್ಳಲಿಲ್ಲ. 2022ರಲ್ಲಿ ಅದರ ಗ್ರಾಹಕರ ವಾಲ್ಟ್‌ಗಳ, ಅಂದರೆ ಪಾಸ್‌ವರ್ಡ್‌ಗಳನ್ನು ಇಟ್ಟ ತಿಜೋರಿಗಳ, ಬ್ಯಾಕಪ್ ಪ್ರತಿಗಳೇ ಕಳುವಾದವು, ಅವುಗಳಲ್ಲಿ ಜಾಲತಾಣಗಳ ವಿಳಾಸಗಳು ಗೂಢಲಿಪಿಯಲ್ಲಿರಲಿಲ್ಲ. ಆ ಪ್ರಕರಣದಿಂದ ಉಳಿದ ಎಲ್ಲ ಮ್ಯಾನೇಜರ್‌ಗಳ ಬಳಕೆದಾರರೂ ಕಲಿಯಬೇಕಾದ್ದಿದೆ: ವಾಲ್ಟ್ ಒಂದು ದಿನ ಕಳ್ಳರ ಕೈಗೆ ಸೇರಬಹುದು ಎಂದುಕೊಂಡೇ ಮುಖ್ಯ ಪಾಸ್‌ವರ್ಡನ್ನು ಆಯ್ದುಕೊಳ್ಳಬೇಕು, ಏಕೆಂದರೆ ಆಗ ಕಾಯುವುದು ಬಹುಮಟ್ಟಿಗೆ ಅದೊಂದೇ. ಅರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ರೂಪಿಸಿದ ಡೈಸ್‌ವೇರ್ ಕ್ರಮದಲ್ಲಿ ಐದು ದಾಳಗಳನ್ನು ಎಸೆದು 7,776 ಪದಗಳ ಪಟ್ಟಿಯಿಂದ ಒಂದು ಪದವನ್ನು ಆರಿಸುತ್ತಾರೆ. ಹೀಗೆ ಆರು ಪದಗಳನ್ನು ಜೋಡಿಸಿದರೆ ಊಹಿಸಲಾಗದ, ಆದರೆ ನೆನಪಿಟ್ಟುಕೊಳ್ಳಬಹುದಾದ ವಾಕ್ಯದಂಥದ್ದು ಸಿಗುತ್ತದೆ. ಪದಗಳನ್ನು ದಾಳವೇ ಆರಿಸಬೇಕು, ನಾವು ಆರಿಸಬಾರದು. ನಾವು ಆರಿಸಿದರೆ ಮಕ್ಕಳ ಹೆಸರು, ಮನೆದೇವರ ಹೆಸರು ನುಸುಳುತ್ತವೆ. ಕನ್ನಡ ಪದಗಳನ್ನು ಬಳಸುವವರು ಇನ್ನೊಂದು ಎಚ್ಚರ ವಹಿಸಬೇಕು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ದೀರ್ಘಕ್ಕೆ ಒಮ್ಮೆ ಒಂದು ‘ಎ’, ಒಮ್ಮೆ ಎರಡು ‘ಎ’ ಹಾಕುವ ರೂಢಿ ನಮ್ಮೆಲ್ಲರಲ್ಲಿದೆ. ಮುಖ್ಯ ಪಾಸ್‌ವರ್ಡ್‌ನಲ್ಲಿ ಆ ಸ್ವಾತಂತ್ರ್ಯವಿಲ್ಲ. ಯಾವ ಕಾಗುಣಿತದಲ್ಲಿ ಬರೆದೆವೆಂಬುದನ್ನು ಕಾಗದದ ಮೇಲೆ ಅಕ್ಷರಶಃ ಬರೆದಿಡಬೇಕು. ಈ ಪಾಸ್‌ವರ್ಡ್ ಮರೆತ ಒಂಟಿ ಬಳಕೆದಾರರಿಗೆ ಬಿಟ್‌ವಾರ್ಡನ್ ಕಂಪನಿಯೂ ವಾಲ್ಟ್ ತೆರೆದುಕೊಡಲಾರದು, ಕೀಪಾಸ್‌ನಲ್ಲಂತೂ ಕೇಳಲು ಯಾರೂ ಇಲ್ಲ.

ಮನೆಯ ಲೆಕ್ಕ ಬೇರೆ. ನಮ್ಮ ತಂದೆಯವರು ನಿವೃತ್ತ ಶಿಕ್ಷಕರು. ಪಿಂಚಣಿಯ ಬ್ಯಾಂಕ್ ಖಾತೆ, ಆದಾಯ ತೆರಿಗೆ, ಕರೆಂಟಿನ ಬಿಲ್ಲು ಎಲ್ಲವನ್ನೂ ತಮ್ಮ ಮೊಬೈಲ್‌ನಲ್ಲಿಯೇ ನೋಡುತ್ತಾರೆ. ಅವರಿಗೆ ಬಿಟ್‌ವಾರ್ಡನ್ ಹಾಕಿಕೊಟ್ಟಾಗ, ಆ್ಯಪ್ ತೆರೆಯಲು ಮತ್ತೊಂದು ದೊಡ್ಡ ಪಾಸ್‌ವರ್ಡ್ ನೆನಪಿಡುವುದೇಕೆ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ ಅದು. ಅವರ ಮೊಬೈಲ್‌ಗೆ ಗೂಗಲ್‌ನದೇ ಸಾಕಾಗಿದೆ, ಏಕೆಂದರೆ ಬೆರಳಚ್ಚು ಬಿಟ್ಟು ಬೇರೇನನ್ನೂ ಅದು ಕೇಳುವುದಿಲ್ಲ, ಒಂದು ಜಾಲತಾಣಕ್ಕೆ ಅವರ ಖಾತೆ ಒಂದೇ, ಆ ಮೊಬೈಲ್ ಬಳಸುವವರು ಅವರೊಬ್ಬರೇ. ಕಚೇರಿಯಲ್ಲಿ ದೋಷವಾಗಿದ್ದ ಪ್ರತಿಯೊಂದೂ ಇಲ್ಲಿ ದೋಷವಾಗಿ ಉಳಿಯಲಿಲ್ಲ. ಗೂಗಲ್ ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿ, ಮೊಬೈಲ್ ಕಳೆದರೆ ಬೇಕಾಗುವ ಬ್ಯಾಕಪ್ ಕೋಡ್‌ಗಳನ್ನು ಮುದ್ರಿಸಿ ಮನೆಯ ಕಾಗದಪತ್ರಗಳೊಂದಿಗೆ ಇಟ್ಟಿದ್ದೇವೆ. ಯುಪಿಐ ಪಿನ್ ಅನ್ನು ಯಾವ ಮ್ಯಾನೇಜರ್‌ನಲ್ಲಿಯೂ ಇಟ್ಟಿಲ್ಲ; ನಾಲ್ಕು ಅಥವಾ ಆರು ಅಂಕಿಗಳನ್ನು ಅವರು ನೆನಪಿಡುತ್ತಾರೆ. ನನ್ನ ಮತ್ತು ಹೆಂಡತಿಯ ಪಾಸ್‌ವರ್ಡ್‌ಗಳು ಬಿಟ್‌ವಾರ್ಡನ್‌ನಲ್ಲಿವೆ. ಅದರ ಪ್ರೀಮಿಯಂ ಯೋಜನೆಯಲ್ಲಿ ತುರ್ತು ಪ್ರವೇಶ ಎಂಬ ಸೌಲಭ್ಯವಿದೆ: ನಾವು ಹೆಸರಿಸಿದವರು ಕೋರಿಕೆ ಸಲ್ಲಿಸಿ, ನಾವು ನಿಗದಿ ಮಾಡಿದ ದಿನಗಳೊಳಗೆ ನಾವು ನಿರಾಕರಿಸದಿದ್ದರೆ, ಅವರಿಗೆ ವಾಲ್ಟ್ ತೆರೆಯುತ್ತದೆ. ಮನೆಯ ಯಜಮಾನರು ಆಸ್ಪತ್ರೆ ಸೇರಿದಾಗ ವಿಮೆಯ ಲಾಗಿನ್ ಸಿಗದೆ ಒದ್ದಾಡುವ ಕುಟುಂಬಗಳನ್ನು ಕಂಡಿರುವ ನನಗೆ, ಹಣ ಕೊಟ್ಟು ಪಡೆಯಬೇಕಾದ ಸೌಲಭ್ಯ ಇದೊಂದೇ ಎನಿಸುತ್ತದೆ.

ಕಚೇರಿಯಲ್ಲಿ ಈಗ ದಿನನಿತ್ಯದ ಕೆಲಸವೆಲ್ಲ ಬಿಟ್‌ವಾರ್ಡನ್‌ನಲ್ಲಿ ನಡೆಯುತ್ತದೆ. ಟ್ಯಾಲಿ ಮತ್ತು ಟೋಕನ್‌ಗಳಿಗಾಗಿ ಕೀಪಾಸ್‌ಎಕ್ಸ್‌ಸಿ ಉಳಿದಿದೆ. ಪ್ರತಿ ತಿಂಗಳು 3ಬಿ ಮುಗಿದ ಮೇಲೆ ಬಿಟ್‌ವಾರ್ಡನ್‌ನಿಂದ ಪಾಸ್‌ವರ್ಡ್ ಹಾಕಿದ ರಫ್ತು ಕಡತವನ್ನು ಇಳಿಸಿ, ಕೀಪಾಸ್‌ಎಕ್ಸ್‌ಸಿಗೆ ಆಮದು ಮಾಡಿ, ಕಚೇರಿಯ ಹೊರಗಿನ ಕಪಾಟಿನಲ್ಲಿರುವ ಪೆನ್‌ಡ್ರೈವ್‌ಗೆ ಹಾಕುತ್ತೇವೆ. ಇದನ್ನು ಅನುಸರಿಸುವವರು ಗಮನಿಸಬೇಕಾದ್ದು, ವೈಯಕ್ತಿಕ ವಾಲ್ಟ್‌ನ ರಫ್ತಿನಲ್ಲಿ ಆರ್ಗನೈಸೇಷನ್‌ನ ನಮೂದುಗಳು ಬರುವುದಿಲ್ಲ. ಅವನ್ನು ಬೇರೆಯಾಗಿ ಇಳಿಸಬೇಕು. ಸಿಎಸ್‌ವಿ ರೂಪವನ್ನು ಆರಿಸಿದರೆ ಎಲ್ಲ ಪಾಸ್‌ವರ್ಡ್‌ಗಳೂ ತೆರೆದ ಅಕ್ಷರಗಳಲ್ಲಿ ಡೌನ್‌ಲೋಡ್ ಫೋಲ್ಡರ್‌ನಲ್ಲಿ ಬಿದ್ದಿರುತ್ತವೆ, ಆದ್ದರಿಂದ ಆ ರೂಪವನ್ನು ನಾವು ಬಳಸುವುದಿಲ್ಲ. ಇಷ್ಟೆಲ್ಲ ಆದ ಮೇಲೂ ಒಟಿಪಿ ವ್ಯಾಪಾರಸ್ಥರ ಮೊಬೈಲ್‌ಗೇ ಹೋಗುತ್ತದೆ, ಕ್ಯಾಪ್ಚಾವನ್ನು ನಾವೇ ಓದಿ ತುಂಬಬೇಕಾಗುತ್ತದೆ. ಆ ಎರಡಕ್ಕೆ ಈ ಯಾವ ಮ್ಯಾನೇಜರ್‌ನಲ್ಲಿಯೂ ಪರಿಹಾರವಿಲ್ಲ.