ಮನೆಯಲ್ಲೇ ಕೂತು ಅಮೆರಿಕದ ನೋಟರಿ ಕೆಲಸ: ಆ ಫೋಟೊ ನಂಬಿ ಹಣ ಕಟ್ಟಬೇಡಿ

ಹೋದ ವಾರ ಮುಧೋಳದಿಂದ ಒಂದು ಹುಡುಗಿ ಫೋನ್ ಮಾಡಿದ್ದಳು. ಪರಿಚಯದವರ ಕಡೆಯಿಂದ ನನ್ನ ನಂಬರ್ ಹುಡುಕಿದ್ದಳಂತೆ. "ಅಕ್ಕಾ, ಈ ಜಾಹೀರಾತಿನ ಫೋಟೊದಾಗ ಇರೋದು ನಿಮ್ಮ ಮನೀನ ಏನ್ರೀ? ನಾನೂ ರೊಕ್ಕಾ ಕಟ್ಟಬೇಕಂತ ಮಾಡೇನಿ" ಅಂದಳು. ಫೋಟೊ ಕಳಿಸಿದಳು. ನೀಲಿ ಗೋಡೆ, ಎರಡು ಮಾನಿಟರ್, ಕಿಟಕಿಗೆ ನಮ್ಮ ಅವ್ವನ ಹಳೇ ಇಳಕಲ್ ಸೀರೆಯಿಂದ ಹೊಲಿದ ಪರದೆ. ಹೌದು, ಅದು ನನ್ನದೇ ರೂಮು. ಕೆಳಗೆ "ಬಾಗಲಕೋಟೆಯ ಸಹೋದರಿಯ ಯಶಸ್ಸು" ಅಂತ ಬರೆದಿದ್ದರು. ಇಷ್ಟು ದಿನ ಯಾರಿಗೂ ಹೇಳದೆ ಇದ್ದೆ. ಇನ್ನು ಸುಮ್ನೆ ಇರಲು ಆಗುವುದಿಲ್ಲ.

ನಾನು ಕಾನೂನು ಓದಿದವಳು. ಇಲ್ಲೇ ನವನಗರದ ಕೋರ್ಟಿನಲ್ಲಿ ನಾಲ್ಕು ವರ್ಷ ಪ್ರಾಕ್ಟೀಸ್ ಮಾಡಿದೆ. ಮಗು ಆದ ಮೇಲೆ ದಿನಾ ಹೋಗುವುದು ಕಷ್ಟವಾಯಿತು. ಮುಂದೆ ನೋಟರಿ, ಅಂದರೆ ಕಾಗದಪತ್ರ ಮತ್ತು ಸಹಿಗಳನ್ನು ಸೀಲು ಹಾಕಿ ದೃಢೀಕರಿಸುವವಳು, ಆಗಬೇಕು ಅನ್ನುವ ಆಸೆ ಮೊದಲಿನಿಂದ ಇತ್ತು. ಆದರೆ ನಮ್ಮಲ್ಲಿ ಅದಕ್ಕೆ ಸಾಮಾನ್ಯವಾಗಿ ವಕೀಲರಾಗಿ 10 ವರ್ಷ ಆಗಿರಬೇಕು. ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ 7 ವರ್ಷ. ನನಗೆ ಇನ್ನೂ ಮೂರು ವರ್ಷ ಬಾಕಿ. ಅಂಥ ಹೊತ್ತಿನಲ್ಲಿ ಮೊಬೈಲಿನಲ್ಲಿ ಆ ಜಾಹೀರಾತು ಬಂತು. ರಿಮೋಟ್ ನೋಟರಿ ಆಗಿ, ಅಮೆರಿಕದ ಮನೆ ಸಾಲದ ಕಾಗದಗಳನ್ನು ವಿಡಿಯೊ ಕಾಲ್‌ನಲ್ಲೇ ನೋಟರಿ ಮಾಡಿ, ಜಗತ್ತಿನ ಯಾವ ಮೂಲೆಯಿಂದ ಬೇಕಾದರೂ ಮಾಡಬಹುದು, ಒಂದು ಸಹಿಗೆ 25 ಡಾಲರ್.

ಅದರಲ್ಲಿ ಪೂರ್ತಿ ಸುಳ್ಳು ಇರಲಿಲ್ಲ. ಅದೇ ಅಪಾಯ. ಅಮೆರಿಕದಲ್ಲಿ ಆನ್‌ಲೈನ್ ನೋಟರಿ ನಿಜವಾಗಿಯೂ ಇದೆ. ವರ್ಜೀನಿಯಾ ರಾಜ್ಯ 2011ರಲ್ಲೇ ಮೊದಲು ಕಾನೂನು ಮಾಡಿತು, 2012ರ ಜುಲೈನಲ್ಲಿ ಅದು ಜಾರಿಗೆ ಬಂತು. ಟೆಕ್ಸಾಸ್‌ನಲ್ಲಿ 2018ರಿಂದ ಇದೆ. 25 ಡಾಲರ್ ಅನ್ನುವುದೂ ನಿಜವೇ, ಟೆಕ್ಸಾಸ್‌ನಲ್ಲಿ ಆನ್‌ಲೈನ್ ಕೆಲಸಕ್ಕೆ ಅಷ್ಟರವರೆಗೆ ಶುಲ್ಕ ತೆಗೆದುಕೊಳ್ಳಬಹುದು. ನಾನು ಇವನ್ನೆಲ್ಲ ಗೂಗಲ್ ಮಾಡಿ ನೋಡಿದೆ. ಎಲ್ಲ ಸರಿ ಇದೆ ಅಂತ ಧೈರ್ಯ ಬಂತು. ನಮ್ಮ ಕಾನೂನಿನಲ್ಲಿ ಆಗದ್ದು ಅವರ ಕಾನೂನಿನಲ್ಲಿ ಆಗುತ್ತದೇನೋ ಅಂದುಕೊಂಡೆ.

ತರಬೇತಿಗೆ 38,500 ಕಟ್ಟಿದೆ. ಬಾಂಡ್ (ನೋಟರಿ ತಪ್ಪು ಮಾಡಿದರೆ ನಷ್ಟ ತುಂಬುವ ಭದ್ರತೆ) ಮತ್ತು ಡಿಜಿಟಲ್ ಸರ್ಟಿಫಿಕೇಟ್ ಅಂತ ಮತ್ತೆ 21,000 ಕೇಳಿದರು. ಟೆಕ್ಸಾಸ್ ನೋಟರಿಗೆ 10,000 ಡಾಲರಿನ ಬಾಂಡ್ ಬೇಕು ಅನ್ನುವುದನ್ನೂ ನೋಡಿದ್ದೆ, ಹಾಗಾಗಿ ಅದೂ ಸರಿ ಅನ್ನಿಸಿತು.

ಆಮೇಲೆ ರೂಮು. ಅಪ್ಪನಿಗೆ ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಹೋಗಿತ್ತು. ನವನಗರದ ಈ ಸೈಟಿನಲ್ಲಿ ಮನೆ ಕಟ್ಟಿಸಿದಾಗ ಮುಂದಿನ ರೂಮನ್ನು ತನಗೆ ಅಂತ ಇಟ್ಟುಕೊಂಡಿದ್ದರು. "ನಿನ್ನ ಆಫೀಸಿಗೆ ತಗೋ" ಅಂತ ಅವರೇ ಮಂಚ ಹೊರಗೆ ಹಾಕಿಸಿದರು. ತರಬೇತಿಯವರು ಕಳಿಸಿದ ಪಟ್ಟಿ ಉದ್ದವಾಗಿತ್ತು. ಎರಡು ಮಾನಿಟರ್, ಒಳ್ಳೆಯ ವೆಬ್‌ಕ್ಯಾಮ್, ರಿಂಗ್ ಲೈಟ್, ಶಬ್ದ ಬರದಂತೆ ಗೋಡೆಗೆ ಫೋಮ್, ಬೀಗ ಇರುವ ಕಪಾಟು, ಯುಪಿಎಸ್. ಹೆಸ್ಕಾಂ ಕರೆಂಟ್ ಯಾವಾಗ ಹೋಗುತ್ತದೋ ಅಂತ ದೊಡ್ಡ ಬ್ಯಾಟರಿಯನ್ನೇ ಹಾಕಿಸಿದೆ. ರೂಮಿಗೇ ಒಟ್ಟು 86,000 ಆಯಿತು. ಏಪ್ರಿಲ್ ತಿಂಗಳು, ನಮ್ಮ ಊರಿನ ಬಿಸಿಲು ನಿಮಗೆ ಗೊತ್ತಲ್ವಾ. ಫೋಮ್ ಹಾಕಿದ ಮೇಲೆ ಆ ರೂಮು ಒಲೆಯಾಯಿತು. ಮೈಕಿನಲ್ಲಿ ಫ್ಯಾನಿನ ಸದ್ದು ಬರುತ್ತದೆ ಅಂತ ಅದನ್ನೂ ಬಂದ್ ಮಾಡಿ ಕೂರುತ್ತಿದ್ದೆ. ಟೆಕ್ಸಾಸ್‌ನ ಬೆಳಗಿನ ಹತ್ತು ಗಂಟೆ ಅಂದರೆ ನಮಗೆ ಆಗ ರಾತ್ರಿ ಎಂಟೂವರೆ. ಮಗುವನ್ನು ಅವ್ವನ ಹತ್ತಿರ ಮಲಗಿಸಿ ನಡುರಾತ್ರಿಯವರೆಗೆ ಪ್ರಾಕ್ಟೀಸ್ ಮಾಡುತ್ತಿದ್ದೆ. ರೂಮು ಮುಗಿದ ದಿನ "ಫೋಟೊ ಕಳಿಸಿ, ಆಡಿಟ್‌ಗೆ ಬೇಕು" ಅಂದರು. ಕಳಿಸಿದೆ.

ಎರಡು ತಿಂಗಳಾದರೂ ಒಂದು ಕೆಲಸವೂ ಬರಲಿಲ್ಲ. ಕೊನೆಗೆ ನಾನೇ ಟೆಕ್ಸಾಸ್‌ನ ಸೆಕ್ರೆಟರಿ ಆಫ್ ಸ್ಟೇಟ್ (ಅಲ್ಲಿ ನೋಟರಿಗಳನ್ನು ನೇಮಿಸುವವರು) ಕಚೇರಿಯ ವೆಬ್‌ಸೈಟ್ ತೆಗೆದು ನಿಯಮಗಳನ್ನು ಸಾಲು ಸಾಲಾಗಿ ಓದಿದೆ. ಅಲ್ಲಿ ಇತ್ತು ವಿಷಯ. ಸಹಿ ಹಾಕುವವರು ಎಲ್ಲಿ ಬೇಕಾದರೂ ಇರಬಹುದು. ನೋಟರಿ ಮಾತ್ರ ಆ ಹೊತ್ತಿಗೆ ಟೆಕ್ಸಾಸ್ ರಾಜ್ಯದ ಒಳಗೇ ಇರಬೇಕು. ಅಂದರೆ "ಜಗತ್ತಿನ ಯಾವ ಮೂಲೆಯಿಂದ ಬೇಕಾದರೂ" ಅನ್ನುವುದು ಗಿರಾಕಿಗೆ ಹೇಳಿದ ಮಾತು. ಇವರು ಅದನ್ನು ಎತ್ತಿ ನೋಟರಿಗೆ ಅಂಟಿಸಿದ್ದರು. ನಾನು ಎಷ್ಟು ಚೆಂದದ ರೂಮು ಮಾಡಿದರೂ ಅದು ಬಾಗಲಕೋಟೆಯಲ್ಲಿದೆ. ಅಷ್ಟಕ್ಕೇ ಎಲ್ಲ ಮುಗಿಯಿತು. ಆ ರಾತ್ರಿ ನಾನು ಅತ್ತೆ.

ತರಬೇತಿಯವರನ್ನು ಕೇಳಿದ್ದಕ್ಕೆ ಅವರು ಬೇರೆ ದಾರಿ ತೋರಿಸಿದರು. ಇದನ್ನು ದಯವಿಟ್ಟು ಗಮನವಿಟ್ಟು ಓದಿ, ಹಣ ಹೋಗುವುದಕ್ಕಿಂತ ಇದು ದೊಡ್ಡ ಗಂಡಾಂತರ. ಮೊದಲು, "ಅಲ್ಲಿನ ಒಬ್ಬ ನೋಟರಿಯ ಲಾಗಿನ್ ಕೊಡುತ್ತೇವೆ, ವಿಪಿಎನ್ ಹಾಕಿ ಕೂತುಕೊಳ್ಳಿ" ಅಂದರು. ವಿಪಿಎನ್ ಅಂದರೆ ನಾವು ಬೇರೆ ಊರಿನಲ್ಲಿ ಇದ್ದಂತೆ ಇಂಟರ್ನೆಟ್‌ನಲ್ಲಿ ತೋರಿಸುವ ಸಾಫ್ಟ್‌ವೇರ್. ಟೆಕ್ಸಾಸ್ ಕಾನೂನಿನ ಪ್ರಕಾರ ನೋಟರಿಯ ಎಲೆಕ್ಟ್ರಾನಿಕ್ ಸೀಲು ಅವರೊಬ್ಬರ ಹತೋಟಿಯಲ್ಲೇ ಇರಬೇಕು, ಬೇರೆಯವರಿಗೆ ಬಳಸಲು ಕೊಡುವಂತಿಲ್ಲ. ಪ್ರತಿ ಕಾಲ್‌ನ ವಿಡಿಯೊವನ್ನು ಕನಿಷ್ಠ 5 ವರ್ಷ ಇಡಬೇಕು. ಅಂದರೆ ಬೇರೆಯವರ ಹೆಸರಿನಲ್ಲಿ ಕೂತ ನನ್ನ ಮುಖ 5 ವರ್ಷ ಸಾಕ್ಷಿಯಾಗಿ ಉಳಿಯುತ್ತಿತ್ತು.

ನಾನು ಒಪ್ಪಲಿಲ್ಲ. ಆಗ, "ಹಾಗಾದರೆ ನಿಮ್ಮ ಜಿಲ್ಲೆಯವರಿಗೇ ವಾಟ್ಸಾಪ್ ವಿಡಿಯೊದಲ್ಲಿ ಅಫಿಡವಿಟ್, ಬಾಡಿಗೆ ಕರಾರು ಮಾಡಿಕೊಡಿ, ಸೀಲು ನಾವು ಮಾಡಿಸಿ ಕಳಿಸುತ್ತೇವೆ" ಅಂದರು. ನನ್ನ ಕೈ ತಣ್ಣಗಾಯಿತು. ನಮ್ಮಲ್ಲಿ ನೋಟರಿ ಅಂದರೆ 1952ರ ನೋಟರಿ ಕಾಯ್ದೆಯ ಕೆಳಗೆ ಸರ್ಕಾರ ನೇಮಿಸಿದವರು. 5 ಸೆಂಟಿಮೀಟರ್‌ನ ಆ ದುಂಡು ಸೀಲಿನಲ್ಲಿ ಅವರ ಹೆಸರು, ವ್ಯಾಪ್ತಿ, ನೋಂದಣಿ ಸಂಖ್ಯೆ ಇರುತ್ತದೆ. ಕಾಗದ ರಿಜಿಸ್ಟರಿನಲ್ಲಿ ಏರಬೇಕು. ವಿಡಿಯೊ ಕಾಲ್ ಮೇಲೆ ನೋಟರಿ ಮಾಡಲು ನಮ್ಮ ನಿಯಮಗಳಲ್ಲಿ ಅವಕಾಶವೇ ಇಲ್ಲ. ನೋಟರಿ ಅಲ್ಲದವರು ನೋಟರಿ ಅಂತ ಹೇಳಿಕೊಂಡರೆ 12ನೇ ಸೆಕ್ಷನ್ ಪ್ರಕಾರ ಜೈಲು ಶಿಕ್ಷೆ ಆಗಬಹುದು. ನನಗೆ ಇದು ಗೊತ್ತಿತ್ತು. ಗೊತ್ತಿಲ್ಲದ ಯಾರೋ ಒಬ್ಬರು, ಸಾಲ ಮಾಡಿ ರೂಮು ಕಟ್ಟಿಕೊಂಡವರು, ಹೂಂ ಅಂದುಬಿಟ್ಟರೆ? ಅಂಥ ಕಾಗದ ನಂಬಿ ಯಾವುದೋ ರೈತ ಬ್ಯಾಂಕಿಗೆ ಹೋದರೆ ಅವನ ಗತಿ ಏನು?

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆ, ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿದೆ, ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗೂ ಹೋಗಿ ಬಂದೆ. ಹಣ ಹೋದ ತಕ್ಷಣ ತಿಳಿಸಿದರೆ ಖಾತೆಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ. ನಾನು ಹೋದಾಗ ಎರಡು ತಿಂಗಳು ಕಳೆದಿತ್ತು. ನನ್ನ ಹಣ ಇನ್ನೂ ಬಂದಿಲ್ಲ.

ನಿಮಗೆ ಇಂಥ ಆಫರ್ ಬಂದಿದ್ದರೆ ಎರಡೇ ಪ್ರಶ್ನೆ ಕೇಳಿ. ನೋಟರಿ ಕಮಿಷನ್ (ನೇಮಕಾತಿ) ಯಾವ ರಾಜ್ಯದ್ದು, ಕೆಲಸ ಮಾಡುವಾಗ ನಾನು ಎಲ್ಲಿ ಇರಬೇಕು ಅಂತ. ಉತ್ತರವನ್ನು ಬರಹದಲ್ಲಿ ಕೊಡಲಿ. ಆಮೇಲೆ ಆ ರಾಜ್ಯದ ಸರ್ಕಾರಿ ವೆಬ್‌ಸೈಟಿನಲ್ಲಿ ನೀವೇ ಓದಿ, ತರಬೇತಿಯವರು ಕಳಿಸುವ ಪಿಡಿಎಫ್ ನಂಬಬೇಡಿ. ಅದಕ್ಕಿಂತ ಮೊದಲು ಒಂದು ಕುರ್ಚಿಯನ್ನೂ ಕೊಳ್ಳಬೇಡಿ. ರೂಮಿನ ಫೋಟೊವನ್ನಂತೂ ಯಾರಿಗೂ ಕಳಿಸಬೇಡಿ.

ಮುಧೋಳದ ಹುಡುಗಿಗೆ ಇಷ್ಟನ್ನೂ ಹೇಳಿದೆ. ಅವಳು ಹಣ ಕಟ್ಟಲಿಲ್ಲ. ಫೋಮ್ ಕಿತ್ತು ಹಾಕಿದ್ದೇನೆ, ಅಪ್ಪನ ಮಂಚ ಮತ್ತೆ ಒಳಗೆ ಬಂದಿದೆ. ಆ ಫೋಟೊ ಮಾತ್ರ ಇನ್ನೂ ಓಡಾಡುತ್ತಿದೆ. ನೀಲಿ ಗೋಡೆ, ಎರಡು ಮಾನಿಟರ್, ಇಳಕಲ್ ಸೀರೆಯ ಪರದೆ. ಎಲ್ಲಿ ಕಂಡರೂ ನಿಲ್ಲಿಸಿ ಹೇಳಿ, ಆ ರೂಮಿಗೆ ಒಂದು ಡಾಲರೂ ಬಂದಿಲ್ಲ.