ಮೊದಲ ಹಿಮದ ಇಳಿಜಾರಿಗೆ ಯಾವ ಪರೀಕ್ಷೆ: ಸಿಟಿ, ಇಸಿಟಿ, ಪಿಎಸ್‌ಟಿ ಹೋಲಿಕೆ

ಇಳಿಜಾರಿನಲ್ಲಿ ಹಿಮಕುಸಿತವಾದೀತೇ ಎಂದು ತಿಳಿಯಲು ಹಿಮದಲ್ಲಿ ಗುಂಡಿ ತೋಡಿ, ಕಂಬ ಕಡಿದು ನೋಡುವ ಮೂರು ಪರೀಕ್ಷೆಗಳಿವು. ಚಳಿಗಾಲದ ಆರಂಭದ ತೆಳು ಹಿಮವೇ ತಳದಲ್ಲಿ ಬೇಗ ಕೆಡುವುದು. ನೆಲದ ಹತ್ತಿರ ಹಿಮ ಸುಮಾರು 0 ಡಿಗ್ರಿ. ಮೇಲ್ಮೈ ಮೈನಸ್ 10, ದಪ್ಪ 50 ಸೆಂ.ಮೀ. ಎಂದಿಟ್ಟುಕೊಳ್ಳಿ. ಮೀಟರಿಗೆ 20 ಡಿಗ್ರಿ ವ್ಯತ್ಯಾಸವಾಯಿತು. ಸುಮಾರು 10 ದಾಟಿದರೇ ತಳದ ಹಿಮ ಒಂದಕ್ಕೊಂದು ಅಂಟದ ಸಕ್ಕರೆ ಹರಳಾಗತೊಡಗುತ್ತದೆ. ಅದರ ಮೇಲೆ ಗಾಳಿ ಹಲಗೆಯಂಥ ಗಟ್ಟಿ ಹಿಮದ ಪದರ ಕಟ್ಟಿದರೆ 30ರಿಂದ 45 ಡಿಗ್ರಿಯ ಇಳಿಜಾರುಗಳನ್ನು ಅನುಮಾನದಿಂದಲೇ ನೋಡಬೇಕು. ಬಂಡೆಗಳಿನ್ನೂ ಮುಚ್ಚಿರುವುದಿಲ್ಲವಾದ್ದರಿಂದ ಸಣ್ಣ ಕುಸಿತವೂ ಮೂಳೆ ಮುರಿಯುತ್ತದೆ.

ಸಿಟಿಗೆ (ಕಂಪ್ರೆಷನ್ ಟೆಸ್ಟ್, ಅಂದರೆ ಒತ್ತಡ ಪರೀಕ್ಷೆ) 30×30 ಸೆಂ.ಮೀ. ಹಿಮದ ಕಂಬ ಕಡಿದು, ಮೇಲೆ ಸಲಿಕೆಯಿಟ್ಟು ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಏಟು ಹಾಕುತ್ತೇವೆ. ಬೇಗ ಮುಗಿಯುತ್ತದೆ. ಆದರೆ ಬಿರುಕು ಎಷ್ಟು ಸುಲಭವಾಗಿ ಹುಟ್ಟುತ್ತದೆ ಎಂಬುದನ್ನಷ್ಟೇ ಆ ಸಂಖ್ಯೆ ಹೇಳುತ್ತದೆ, ಹರಡುತ್ತದೆಯೇ ಎಂಬುದನ್ನಲ್ಲ. ಸಕ್ಕರೆ ಹಿಮವಂತೂ ಕಡಿಯುವಾಗಲೇ ಉದುರಿ ಕಂಬ ಕೂರುತ್ತದೆ. ಕಂಬ ಉಳಿದರೆ ಸಂಖ್ಯೆಗಿಂತ ಒಡೆದ ರೀತಿ ನೋಡಿ: ಒಂದೇ ಏಟಿಗೆ ನೇರ ಗೆರೆಯಲ್ಲಿ ಥಟ್ಟನೆ ಒಡೆದರೆ ಕೆಟ್ಟ ಲಕ್ಷಣ.

ಹರಡುವಿಕೆ ನೋಡಲು ನಮ್ಮ ಮೊದಲ ಆಯ್ಕೆ ಇಸಿಟಿ (ಎಕ್ಸ್‌ಟೆಂಡೆಡ್ ಕಾಲಮ್ ಟೆಸ್ಟ್, ಅಂದರೆ ಅಗಲ ಕಂಬದ ಪರೀಕ್ಷೆ). ಇಳಿಜಾರಿಗೆ ಅಡ್ಡಲಾಗಿ 90 ಸೆಂ.ಮೀ., ಮೇಲ್ಮುಖವಾಗಿ 30 ಸೆಂ.ಮೀ.; ಏಟುಗಳು ಅವೇ, ಒಂದು ತುದಿಗೆ ಮಾತ್ರ. ಬಿರುಕು ಹುಟ್ಟಿದ ಏಟಿಗೋ ಅದರ ಮರು ಏಟಿಗೋ ಇಡೀ ಅಗಲ ದಾಟಿದರೆ ಫಲಿತಾಂಶ 'ಪಿ' (ಪ್ರಾಪಗೇಷನ್, ಬಿರುಕು ಹರಡಿತು ಎಂದರ್ಥ): ಆ ಇಳಿಜಾರು ಬೇಡ. ಹಿಂಬದಿಯನ್ನು ಗಂಟು ಹಾಕಿದ ಹಗ್ಗದಿಂದ ಪೂರ್ತಿ ಕೊಯ್ಯಬೇಕು. ತಳದಲ್ಲೊಂದು ಕಲ್ಲು ಎದ್ದು ನಿಂತಿದ್ದರೆ ಬಿರುಕು ಅಲ್ಲೇ ತಡೆದು ಸುಳ್ಳು ಧೈರ್ಯ ಬರುತ್ತದೆ; ತೋಡುವ ಮೊದಲು ಪ್ರೋಬ್ ಕೋಲು ಚುಚ್ಚಿ ಆಳ ಸಮವಾಗಿದೆಯೇ ನೋಡುವುದು ಇದಕ್ಕೇ. ಮೇಲಿನ ಹಿಮ ತೀರಾ ಮೆತ್ತಗಿದ್ದರೆ ಸಲಿಕೆ ಹೂತು ಏಟು ಕೆಳಗೆ ತಲುಪುವುದಿಲ್ಲ.

ಆಗ ಪಿಎಸ್‌ಟಿ (ಪ್ರಾಪಗೇಷನ್ ಸಾ ಟೆಸ್ಟ್, ಅಂದರೆ ಗರಗಸದಿಂದ ಹರಡುವಿಕೆ ನೋಡುವ ಪರೀಕ್ಷೆ). 30 ಸೆಂ.ಮೀ. ಅಗಲ, ಮೇಲ್ಮುಖವಾಗಿ 1 ಮೀಟರ್ ಉದ್ದದ ಕಂಬ. ಗರಗಸದ ಹಲ್ಲಿಲ್ಲದ ಅಂಚನ್ನು ದುರ್ಬಲ ಪದರದೊಳಗೆ ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಅರ್ಧ ಕೊಯ್ಯುವ ಮೊದಲೇ ಬಿರುಕು ತಾನಾಗಿ ಕೊನೆ ಮುಟ್ಟಿದರೆ ಅಪಾಯ. ಗರಗಸ ಹುಲ್ಲಿಗೋ ಕಲ್ಲಿಗೋ ಸಿಕ್ಕಿದರೆ ಆ ಅಳತೆ ಬಿಟ್ಟುಬಿಡಿ. ಯಾವ ಪದರವೆಂದು ಮೊದಲೇ ಗೊತ್ತಿಲ್ಲದಿದ್ದರೆ ಈ ಪರೀಕ್ಷೆಯೇ ವ್ಯರ್ಥ.

ಕಾಲ ಕೆಳಗೆ 'ಧಪ್' ಎಂದು ಹಿಮ ಕುಸಿದ ಸದ್ದಾದರೆ, ಹೆಜ್ಜೆಯಿಂದ ಬಿರುಕು ಓಡಿದರೆ, ಗುಂಡಿ ತೋಡುವ ಅಗತ್ಯವೇ ಇಲ್ಲ; ಉತ್ತರ ಸಿಕ್ಕಿತು, ಹಿಂತಿರುಗಿ. ಸದ್ದಿಲ್ಲದಿದ್ದರೆ, ಹೋಗಬೇಕಾದ ಇಳಿಜಾರಿನ ದಿಕ್ಕು, ಎತ್ತರಗಳೇ ಇರುವ ಸುರಕ್ಷಿತ ಜಾಗದಲ್ಲಿ ಇಸಿಟಿ ಮಾಡಿ. 'ಪಿ' ಬರದಿದ್ದರೂ ತಳದಲ್ಲಿ ಸಕ್ಕರೆ ಹಿಮ ಕಂಡರೆ ಪಕ್ಕದಲ್ಲೇ ಪಿಎಸ್‌ಟಿ, ಹಿಮದ ಆಳ ಬೇರೆಯಿರುವ ಕಡೆ ಇನ್ನೊಂದು ಗುಂಡಿ. ಎರಡರಲ್ಲಿ ಒಂದು ಕೆಟ್ಟದ್ದು ಹೇಳಿದರೆ ನಾವು ಕೆಟ್ಟದ್ದನ್ನೇ ನಂಬುತ್ತೇವೆ.